ಎಲೆಯೊಂದರಿಂದ ಗಿಡ

ಕಬ್ಬನ್ನು ನೆಡುವ ರೈತನು ಜಲ್ಲೆಯನ್ನು ತುಂಡುಮಾಡುವಾಗ ಪ್ರತಿಯೊಂದು ತುಂಡಿನಲ್ಲಿಯೂ ಕಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾನೆ. ದಾಸವಾಳದ ಕಡ್ಡಿಯನ್ನು ಊರುವ ಗೃಹಿಣಿಯೂ ಗಿಣ್ಣನ್ನು ನೋಡಿಯೇ ಊರುತ್ತಾಳೆ. ಕಣ್ಣಿಲ್ಲದ ಕಡೆಯಲ್ಲಿ ಚಿಗುರಿಲ್ಲ ಎಂಬುದು ಯಾವ ಶಾಸ್ತ್ರವನ್ನೂ ಓದದವರಿಗೂ ಗೊತ್ತು. ಕಾಡುಬಸಳೆಯ ಎಲೆ ನೆಲಕ್ಕೆ ಬಿದ್ದರೆ ಅಂಚಿನಲ್ಲೆಲ್ಲ ಮರಿಗಳು ಏಳುತ್ತವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಆ ಎಲೆಯ ಅಂಚಿನ ಕಚ್ಚುಗಳಲ್ಲಿ ಸೂಕ್ಷ್ಮವಾದ ಮೊಗ್ಗೆಗಳು ಮೊದಲೇ ಅಡಗಿರುತ್ತವೆ. ಅಲ್ಲಿಯೂ ಕಣ್ಣಿದ್ದೇ ಚಿಗುರು. ಇದಕ್ಕೆ ಹೊರತಾದ ಗಿಡಗಳು ಕೆಲವೇ ಕೆಲವು. ಕಣ್ಣೇ ಇಲ್ಲದ ಎಲೆಯೊಂದು, ಕೊಯ್ದ ತೊಟ್ಟಿನ ತುದಿಯಲ್ಲಿ ಬೇರನ್ನೂ ಕಣ್ಣನ್ನೂ ಹೊಸದಾಗಿ ತಾನೇ ಉಂಟುಮಾಡಿಕೊಂಡು ಇಡೀ ಗಿಡವಾಗುವುದನ್ನು ಮನೆಯ ಕಿಟಕಿಯಲ್ಲಿಯೇ ನೋಡಬೇಕೆನ್ನುವವರು ಆಫ್ರಿಕನ್ ವಯಲೆಟ್ ಗಿಡದ ಒಂದೆಲೆಯನ್ನು ಸಂಪಾದಿಸಿದರೆ ಸಾಕು.

ನಾನು ಸಸ್ಯಶಾಸ್ತ್ರ ಕಲಿತವನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಈ ವಿದ್ಯೆ ನನಗೆ ಬಂದದ್ದು ಒಂದು ಅಪರಾಧದಿಂದ. ನಮ್ಮ ಮಗಳು ಮದುವೆಯಾಗಿ ಪುಣೆಗೆ ಹೊರಟಾಗ ತಾನು ಮೂರು ವರ್ಷ ಸಾಕಿದ್ದ ಒಂದು ಕುಂಡವನ್ನು ನನ್ನ ವಶಕ್ಕೆ ಒಪ್ಪಿಸಿ, ‘ಅಪ್ಪಾ, ಇದನ್ನು ನೋಡಿಕೊಳ್ಳಿ’ ಎಂದಳು. ರೇಡಿಯೋ ಇಟ್ಟಿರುವ ಕಿಟಕಿಯ ಹಲಗೆಯ ಮೇಲೆ ಅದು ಕುಳಿತಿತ್ತು: ಅಂಗೈಯಗಲದ ಕುಂಡ, ಮಖಮಲ್ಲಿನಂತಹ ಎಲೆಗಳು, ನಡುವೆ ಕಡುನೇರಳೆಯ ಹೂಗಳು, ಹೂವಿನೊಳಗೆ ಅರಿಸಿನದ ಚುಕ್ಕೆಯಂತಹ ಕೇಸರ. ನಾನು ದಿನವೂ ಸ್ನಾನ ಮುಗಿಸಿ ತುಳಸಿಗೆ ಎರೆದ ಚೊಂಬಿನಲ್ಲಿ ಉಳಿದ ನೀರನ್ನು ಇದರ ನೆತ್ತಿಯ ಮೇಲೂ ಎರೆಯುತ್ತಾ ಬಂದೆ. ‘ಅದು ತುಳಸಿಯಲ್ಲ, ದಿನಾ ತಲೆಗೆ ನೀರು ಹುಯ್ಯೋದಕ್ಕೆ’ ಎಂದು ಮನೆಯವರು ಹೇಳಿದ್ದುಂಟು, ನಾನು ಕೇಳಲಿಲ್ಲ. ಆಷಾಢದ ಜಡಿ ಹಿಡಿದ ಒಂದು ವಾರದಲ್ಲಿ ಗಿಡದ ನಡುಸುಳಿ ಕಪ್ಪಾಗಿ ಕೊಳೆತು, ಮುಟ್ಟಿದರೆ ಕೈಗೆ ಬಂತು. ಸುತ್ತಿನ ಎಲೆಗಳಲ್ಲಿ ಮೂರು ಮಾತ್ರ ಗಟ್ಟಿಯಾಗಿದ್ದವು.

ಪೇಟೆಯಲ್ಲಿ ಅಂತಹುದೇ ಇನ್ನೊಂದು ಗಿಡ ಸಿಗುತ್ತಿತ್ತು. ಆದರೆ ಅದು ಇನ್ನೊಂದು ಗಿಡ, ಮಗಳು ಬಿಟ್ಟುಹೋದದ್ದಲ್ಲ. ನಮ್ಮ ಶಾಲೆಯ ಜೀವಶಾಸ್ತ್ರದ ಮೇಷ್ಟರಲ್ಲಿ ಇದನ್ನು ತೋಡಿಕೊಂಡಾಗ ಅವರು ನಕ್ಕು, ‘ಪಂಡಿತರೇ, ಎಲೆ ಇದೆಯಲ್ಲ, ಗಿಡ ಇದ್ದ ಹಾಗೆಯೇ’ ಎಂದರು. ಬೀಜದಿಂದ ಹುಟ್ಟಿದ್ದು ಮಗು. ತಂದೆತಾಯಿಗಳ ಗುಣ ಅದರಲ್ಲಿ ಬೆರೆತು ಬೇರೊಂದಾಗುತ್ತದೆ. ಎಲೆಯಿಂದ ಎದ್ದದ್ದಾದರೋ ಅದೇ ಗಿಡವೇ ಮುಂದುವರಿದದ್ದು. ಆ ಮಾತಿನ ಧೈರ್ಯದಿಂದ ನಾನು ಕೆಲಸಕ್ಕೆ ತೊಡಗಿದೆ.

ಕೆಲಸವನ್ನು ಹೇಳುವ ಮೊದಲು ಹೆಸರಿನ ವಿಷಯ ಒಂದೆರಡು ಮಾತು. ಅದು ನನ್ನ ವೃತ್ತಿಧರ್ಮ. ವಯಲೆಟ್ ಎಂಬುದು ಯೂರೋಪಿನ ಬೇರೊಂದು ಹೂ, ಬೇರೆ ಕುಟುಂಬದ್ದು. ಬಣ್ಣದ ಸಾಮ್ಯದಿಂದ ಇದಕ್ಕೂ ಆ ಹೆಸರು ಅಂಟಿತು. ಈಗ ಬಿಳಿ ಹೂ ಬಿಡುವುದನ್ನೂ ವಯಲೆಟ್ ಎಂದೇ ಕರೆಯುತ್ತಾರೆ. ಅನ್ವರ್ಥವಾಗಿ ಹುಟ್ಟಿದ ಹೆಸರು ಹೀಗೆ ರೂಢನಾಮವಾಗಿ ನಿಂತಿದೆ. ಇದರ ತವರು ಪೂರ್ವ ಆಫ್ರಿಕದ ಬೆಟ್ಟಗಾಡು, ಮುಖ್ಯವಾಗಿ ಇಂದಿನ ಟಾಂಜಾನಿಯ ದೇಶದ ಉಸಂಬಾರ ಬೆಟ್ಟಗಳು. ಆ ನಾಡು ಜರ್ಮನರ ಆಳ್ವಿಕೆಯಲ್ಲಿದ್ದಾಗ ಅಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬಾತನು 1892ರಲ್ಲಿ ಇದನ್ನು ಕಂಡು ಜರ್ಮನಿಯಲ್ಲಿದ್ದ ತನ್ನ ತಂದೆಗೆ ಕಳುಹಿಸಿದನು. ಹ್ಯಾನೋವರಿನ ಅರಸು ತೋಟದ ಮೇಲ್ವಿಚಾರಕನಾಗಿದ್ದ ಹರ್ಮನ್ ವೆಂಡ್ಲಂಡ್ 1893ರಲ್ಲಿ ಅದಕ್ಕೆ ಸೇಂಟ್‌ಪೋಲಿಯ ಅಯೊನಾಂತ ಎಂದು ನಾಮಕರಣ ಮಾಡಿದನು. 2015ರಲ್ಲಿ ಸಸ್ಯಶಾಸ್ತ್ರಜ್ಞರು ಈ ಜಾತಿಯನ್ನು ಸ್ಟ್ರೆಪ್ಟೊಕಾರ್ಪಸ್ ಎಂಬ ದೊಡ್ಡ ಜಾತಿಯೊಳಗೆ ಸೇರಿಸಿದ್ದಾರೆ. ಹೂವಿನಂಗಡಿಯವರಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಇದೇ ಕುಟುಂಬಕ್ಕೆ ಸೇರಿದ ಕೆಲವು ಪುಟ್ಟ ಗಿಡಗಳು ಮಳೆಗಾಲದಲ್ಲಿ ನಮ್ಮ ಪಶ್ಚಿಮಘಟ್ಟದ ಒದ್ದೆ ಬಂಡೆಗಳಿಗೆ ಅಂಟಿಕೊಂಡು ಹೂ ಬಿಡುತ್ತವೆ.

ತವರನ್ನು ನೆನೆದದ್ದು ವ್ಯರ್ಥವಲ್ಲ. ಅಲ್ಲಿ ಇದು ದೊಡ್ಡ ಮರಗಳ ನೆರಳಿನಲ್ಲಿ, ತೊರೆಗಳ ಬಳಿ, ಹಾವಸೆ ಹಿಡಿದ ಬಂಡೆಯ ಸಂದಿನಲ್ಲಿ ಬೆಳೆಯುತ್ತದೆ. ಗಾಳಿಯಲ್ಲಿ ತೇವವಿದೆ; ಬುಡದಲ್ಲಿ ನೀರು ನಿಲ್ಲುವುದಿಲ್ಲ. ಬೆಳಕಿದೆ, ಉರಿಬಿಸಿಲಿಲ್ಲ. ಮನೆಯಲ್ಲಿ ನಾವು ಮಾಡತಕ್ಕದ್ದೆಲ್ಲ ಇದರ ಅನುಕರಣವೇ. ಆ ಕಾಡುಗಳು ಕಡಿತಕ್ಕೆ ಸಿಕ್ಕಿ, ಲೋಕದ ಕಿಟಕಿಗಳಲ್ಲೆಲ್ಲ ತುಂಬಿರುವ ಈ ಗಿಡದ ಕಾಡುಬಂಧುಗಳಲ್ಲಿ ಹಲವು ತವರಿನಲ್ಲಿ ಅಳಿವಿನ ಅಂಚಿಗೆ ಬಂದಿವೆ.

ಎಲೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಹೊರಸುತ್ತಿನ ಎಲೆಗಳು ಮುದಿಯಾಗಿರುತ್ತವೆ, ನಡುಸುಳಿಯವು ಎಳಸು. ಇವೆರಡರ ನಡುವಣ ಸುತ್ತಿನಿಂದ ಕಲೆಯಿಲ್ಲದ, ಬಲಿತ ಎಲೆಯೊಂದನ್ನು ತೊಟ್ಟಿನ ಬುಡದವರೆಗೂ ತೆಗೆಯಬೇಕು. ಕಾಯಿಸಿ ಆರಿಸಿದ ಹೊಸ ಬ್ಲೇಡಿನಿಂದ, ತೊಟ್ಟು 1 ಅಥವಾ 1½ ಅಂಗುಲ ಉಳಿಯುವಂತೆ ಓರೆಯಾಗಿ ಕೊಯ್ಯಬೇಕು. ಕತ್ತರಿ ತೊಟ್ಟನ್ನು ಜಜ್ಜುತ್ತದೆ. ನನ್ನಂತೆ ಕೊಳೆತ ಗಿಡದ ಎಲೆಯನ್ನು ಉಳಿಸಿಕೊಳ್ಳುವವರು ತೊಟ್ಟಿನ ಒಳಗೆ ಕಂದುಬಣ್ಣ ಸ್ವಲ್ಪವೂ ಕಾಣದ ತನಕ ಕೊಯ್ಯುತ್ತಾ ಬರಬೇಕು. ಎಲೆ ದೊಡ್ಡದಾಗಿದ್ದರೆ ಅದರ ಮೇಲಿನ ಮೂರನೆಯ ಒಂದು ಪಾಲನ್ನು ಕತ್ತರಿಸಿಬಿಡುವುದುಂಟು. ಆಗ ಎಲೆ ತಾನು ಬೆಳೆಯುವುದನ್ನು ಬಿಟ್ಟು ಮರಿಗಳ ಕಡೆ ಬೇಗ ಗಮನ ಕೊಡುತ್ತದೆ. ನನಗೆ ಮೊದಲ ಸಲ ಆ ಧೈರ್ಯ ಬರಲಿಲ್ಲ.

ಇನ್ನು ಮಣ್ಣು. ಅಂಗಳದ ಕೆಂಪುಮಣ್ಣು ಇದಕ್ಕೆ ಸಲ್ಲದು; ನೀರು ಕುಡಿದು ಗಚ್ಚಿನಂತೆ ಕೂಡುತ್ತದೆ. ತೆಂಗಿನ ನಾರಿನ ಪುಡಿಯನ್ನು ಉಪ್ಪು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ, ಅದಕ್ಕೆ ಸಮಭಾಗ ದಪ್ಪ ಮರಳನ್ನೋ, ಸಿಕ್ಕಿದರೆ ಪರ್ಲೈಟ್ ಎಂಬ ಹಗುರವಾದ ಬಿಳಿಯ ಹರಳನ್ನೋ ಬೆರೆಸಿದರೆ ಸಾಕು. ಗೊಬ್ಬರ ಬೇಡ. ತಳದಲ್ಲಿ ತೂತು ಮಾಡಿದ ಪುಟ್ಟ ಲೋಟದಲ್ಲಿ ಇದನ್ನು ತುಂಬಿ, ತೇವ ಮಾಡಿ, ಕಡ್ಡಿಯಿಂದ ಕುಳಿ ಮಾಡಿ, ತೊಟ್ಟನ್ನು ಅರ್ಧ ಅಂಗುಲದಷ್ಟು ಮಾತ್ರ ಇಳಿಸಿ ಒತ್ತಬೇಕು. ಆಳಕ್ಕೆ ನೆಟ್ಟರೆ ಮರಿಗಳು ಮೇಲಕ್ಕೆ ಬರಲು ತಡವಾಗುತ್ತದೆ, ತೊಟ್ಟು ಕೊಳೆಯಲೂಬಹುದು. ಆಮೇಲೆ ಲೋಟವನ್ನು ಪಾರದರ್ಶಕವಾದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಕಟ್ಟಬೇಕು. ಅಗಲಬಾಯಿಯ ಗಾಜಿನ ಸೀಸೆಯನ್ನು ಬೋರಲು ಹಾಕಿದರೂ ಸರಿಯೆ. ಬೇರಿಲ್ಲದ ಎಲೆ ನೀರನ್ನು ಹೀರಲಾರದು. ಗಾಳಿಯ ತೇವವೇ ಅದನ್ನು ಬಾಡದಂತೆ ಕಾಯುತ್ತದೆ. ಒಳಗೆ ಹನಿಗಟ್ಟಿ ಇಳಿಯತೊಡಗಿದರೆ ಒಂದು ಗಳಿಗೆ ತೆರೆದಿಟ್ಟು ಮತ್ತೆ ಮುಚ್ಚಬೇಕು. ಬಿಸಿಲು ತಾಗುವ ಕಡೆ ಮಾತ್ರ ಇದನ್ನು ಇಡಬಾರದು. ಎಲೆ ಬೆಂದೇ ಹೋಗುತ್ತದೆ. ಬೆಳಕಿರುವ, 20ರಿಂದ 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಜಾಗ ಶ್ರೇಷ್ಠ. ಮೈಸೂರು ಬೆಂಗಳೂರುಗಳಲ್ಲಿ ಬಿರುಬೇಸಿಗೆಯೊಂದನ್ನು ಬಿಟ್ಟರೆ ಇದಕ್ಕೆ ಕಷ್ಟವಿಲ್ಲ.

ಲೋಟದ ನೀರಿನಲ್ಲಿ ತೊಟ್ಟನ್ನು ಇಳಿಬಿಟ್ಟು ಬೇರು ಬರಿಸುವವರೂ ಇದ್ದಾರೆ. ಮಕ್ಕಳಿಗೆ ತೋರಿಸುವುದಕ್ಕೆ ಅದು ಚೆನ್ನ. ಆದರೆ ನೀರಿನಲ್ಲಿ ಬಂದ ಬೇರು ಪೆಡಸು. ಮಣ್ಣಿಗೆ ಬದಲಿಸುವಾಗ ಮುರಿಯುತ್ತದೆ. ನಾನು ಮಣ್ಣಿನ ಪಕ್ಷದವನು.

ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಎಲೆಯನ್ನು ಮೆಲ್ಲಗೆ ಎಳೆದು ನೋಡುವ ಚಪಲ ಎಲ್ಲರಿಗೂ ಉಂಟು, ನನಗೂ ಇತ್ತು. ನನ್ನ ಮೂರರಲ್ಲಿ ಒಂದೆಲೆ ಕೆಟ್ಟದ್ದು ಆ ಚಪಲದಿಂದಲೇ ಇರಬೇಕು. ಅಲ್ಲಿಂದ ಮುಂದೆ ಏನೂ ನಡೆಯದಂತೆ ತೋರುವ ದಿನಗಳು. ಎಲೆ ಹಾಗೆಯೇ ನಿಂತಿರುತ್ತದೆ, ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಮಗಳು ದೂರವಾಣಿಯಲ್ಲಿ ಗಿಡ ಹೇಗಿದೆಯೆಂದು ಕೇಳಿದಾಗಲೆಲ್ಲ ‘ಎಲೆ ಚೆನ್ನಾಗಿದೆ’ ಎನ್ನುತ್ತಿದ್ದೆ. ಸುಳ್ಳಾಗಿರಲಿಲ್ಲ.

ಆ ದಿನಗಳಲ್ಲಿ ಒಳಗೆ ನಡೆಯುವುದೇ ಸೋಜಿಗ. ನೇಲರ್ ಮತ್ತು ಜಾನ್ಸನ್ ಎಂಬಿಬ್ಬರು ಈ ಗಿಡದ ತೊಟ್ಟುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪರೀಕ್ಷಿಸಿ 1937ರಲ್ಲಿ ಪ್ರಕಟಿಸಿದ ಸಂಗತಿಯಿದು: ಬೇರು ಹುಟ್ಟುವುದು ತೊಟ್ಟಿನ ಒಳಭಾಗದಲ್ಲಿ, ನೀರಿನ ನಾಳಗಳ ಬಳಿ, ಚಿಗುರು ಹುಟ್ಟುವುದಾದರೋ ಮೇಲಿನ ತೆಳುಚರ್ಮದ ಜೀವಕೋಶಗಳಲ್ಲಿ. ತೊಟ್ಟಿನ ಚರ್ಮವಾಗಿ ಬಾಳು ಮುಗಿಸಬೇಕಾಗಿದ್ದ ಕೋಶವು ಮತ್ತೆ ಎಳೆಯದಾಗಿ, ಒಡೆದು ಎರಡಾಗಿ ನಾಲ್ಕಾಗಿ, ಕಣ್ಣಾಗಿ, ಎಲೆಯಾಗಿ, ಹೂವಾಗುವ ಇಡೀ ಗಿಡವನ್ನು ಕಟ್ಟುತ್ತದೆ. ಎರಡು ತಿಂಗಳ ಹೊತ್ತಿಗೆ, ಭಾದ್ರಪದದಲ್ಲಿ, ಎಲೆಯ ಬುಡದಲ್ಲಿ ಇಲಿಯ ಕಿವಿಯಂತಹ ಎರಡು ಹಸಿರು ಚುಕ್ಕೆಗಳನ್ನು ಕಂಡು ನಾನು ಮನೆಯವರನ್ನು ಅಡಿಗೆಮನೆಯಿಂದ ಕೂಗಿ ಕರೆದೆ.

ಜೀವಶಾಸ್ತ್ರದ ಮೇಷ್ಟರ ಮಾತಿಗೆ ಒಂದು ಅಪವಾದವುಂಟೆಂದು ಆಮೇಲೆ ತಿಳಿಯಿತು. ನೆರೆಮನೆಯವರು ಹೂವಿನ ಎಸಳಿನಲ್ಲಿ ಚಕ್ರದ ಅರಗಳಂತೆ ಪಟ್ಟೆಯುಳ್ಳ ಗಿಡವೊಂದನ್ನು ತಂದಿದ್ದರು. ಅದರ ಎಲೆಯಿಂದ ಎದ್ದ ಮರಿಗಳೆಲ್ಲ ಪಟ್ಟೆಯಿಲ್ಲದ ಹೂವನ್ನೇ ಬಿಟ್ಟವು. ಅಂತಹ ಗಿಡದ ಮೈ ಎರಡು ವಂಶದ ಪದರಗಳಿಂದಾದದ್ದು. ಮೇಲ್ಬಟ್ಟೆಯೊಂದು, ಅಸ್ತರು ಇನ್ನೊಂದು. ಎಲೆಯ ಮರಿ ಒಂದೇ ಪದರದಿಂದ ಹುಟ್ಟುವುದರಿಂದ ಇನ್ನೊಂದು ಪದರ ಅಲ್ಲಿಗೇ ತಪ್ಪಿಹೋಗುತ್ತದೆ, ಅದರೊಡನೆ ಪಟ್ಟೆಯೂ. ಇವನ್ನು ಹೆಚ್ಚಿಸಬೇಕಾದರೆ ಎಲೆಯ ಸಂದಿನಲ್ಲಿ ಹುಟ್ಟುವ, ಬಾಳೆಯ ಕಂದಿನಂತಹ ಮರಿಯನ್ನೇ ಬಿಡಿಸಿ ನೆಡಬೇಕು. ಅದು ಎಲ್ಲ ಪದರಗಳನ್ನೂ ಹೊತ್ತು ಬಂದಿರುತ್ತದೆ. ನಮ್ಮದು ಅಪ್ಪಟ ಒಂದೇ ಬಣ್ಣದ ಹೂವಾದದ್ದು ನನ್ನ ಪುಣ್ಯ.

ಒಂದೆಲೆಯಿಂದ ಮೂರು ನಾಲ್ಕು ಮರಿಗಳು ಏಳುವುದು ಸಾಮಾನ್ಯ. ಅವುಗಳ ಎಲೆ ರೂಪಾಯಿ ನಾಣ್ಯದಷ್ಟಾದಾಗ, ಎಂದರೆ ಮೂರು ನಾಲ್ಕು ತಿಂಗಳಿಗೆ, ಇಡೀ ಮುದ್ದೆಯನ್ನು ಹೊರತೆಗೆದು ಒಂದೊಂದನ್ನೂ ಬೇರಿನೊಡನೆ ಬಿಡಿಸಿ ಬೇರೆ ಬೇರೆ ಕುಂಡಗಳಿಗೆ ಹಾಕಬೇಕು. ತಾಯೆಲೆ ಇನ್ನೂ ಗಟ್ಟಿಯಾಗಿದ್ದರೆ ತೊಟ್ಟನ್ನು ಹೊಸದಾಗಿ ಕೊಯ್ದು ಮತ್ತೊಮ್ಮೆ ನೆಡಬಹುದು. ಕುಂಡ ಚಿಕ್ಕದಿರಲಿ, ಗಿಡದ ಹರವಿನ ಮೂರನೆಯ ಒಂದು ಪಾಲು ಅಗಲವಿದ್ದರೆ ಸಾಕು. ನೀರನ್ನು ತಟ್ಟೆಯಲ್ಲಿಟ್ಟು ಅಡಿಯಿಂದ ಕುಡಿಸಿ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಮೇಲ್ಮಣ್ಣು ಒಣಗದೆ ಮತ್ತೆ ಕೊಡಬಾರದು. ಎಲೆಗಿಂತ ಬಹಳ ತಣ್ಣಗಿನ ನೀರು ಎಲೆಯ ಮೇಲೆ ಬಿದ್ದರೆ ಮಾಸದ ಕಲೆಗಳಾಗುತ್ತವೆ. ಎಲೆಗಳು ಕೈಯೆತ್ತಿದಂತೆ ಮೇಲಕ್ಕೆ ನಿಂತರೆ ಬೆಳಕು ಸಾಲದೆಂದು ಅರ್ಥ. ಹೂ ಬಿಡದಿರುವುದಕ್ಕೂ ಹೆಚ್ಚಾಗಿ ಅದೇ ಕಾರಣ. ಮೂಡಣ ಕಿಟಕಿ ಉತ್ತಮ.

ವೈಶಾಖದಲ್ಲಿ ಮೊದಲನೆಯ ಹೂ ಅರಳಿತು; ಅದೇ ಕಡುನೇರಳೆ, ಅದೇ ಅರಿಸಿನದ ಚುಕ್ಕೆ. ಬೇಸಿಗೆಯಲ್ಲಿ ಮಗಳು ಬಂದವಳು ಕಿಟಕಿಯ ಬಳಿ ನಿಂತು, ‘ಅಪ್ಪಾ, ಗಿಡ ಚಿಕ್ಕದಾಗಿದೆಯಲ್ಲ!’ ಎಂದಳು. ನಡೆದದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಿನಾ ಚೊಂಬಿನಲ್ಲಿ ಹುಯ್ದಿರಾ?’ ಎಂದು ಕೇಳಿ ನಗತೊಡಗಿದಳು. ಹೋಗುವಾಗ ಕುಂಡವನ್ನು ಒಯ್ಯಲಿಲ್ಲ. ನಡುಸುತ್ತಿನ ಎರಡೆಲೆಗಳನ್ನು ತೊಟ್ಟು ಸಮೇತ ಕೊಯ್ದು, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟುಕೊಂಡಳು. ಹಾಗೆ ಇಟ್ಟರೆ ಎಲೆ ಎರಡು ಮೂರು ದಿನದ ಪ್ರಯಾಣಕ್ಕೂ ಬಾಡುವುದಿಲ್ಲ.