ಕಾರಿನ ಬ್ಯಾಟರಿ: ಋಣ ತಂತಿಯನ್ನೇ ಮೊದಲು ಬಿಚ್ಚುವುದೇಕೆ?

ಕಾರಿನ ಬ್ಯಾಟರಿಯ ಎರಡು ಕಂಬಗಳನ್ನು ಒಣಗಿದ ಕೈಗಳಿಂದ ಮುಟ್ಟಿದರೆ ನಿಮಗೆ ಏನೂ ಅನಿಸುವುದಿಲ್ಲ. ಅದೇ ಕಂಬಗಳ ಮೇಲೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಕ್ಷಣದಲ್ಲಿ ಕಾಯುತ್ತದೆ, ಕೆಲವೊಮ್ಮೆ ಕಂಬಕ್ಕೇ ಬೆಸೆದುಕೊಳ್ಳುತ್ತದೆ. ಎರಡೂ ಸಂದರ್ಭಗಳಲ್ಲಿ ವಿಭವಾಂತರ ಒಂದೇ. ವ್ಯತ್ಯಾಸವಿರುವುದು ರೋಧದಲ್ಲಿ. ಒಣ ಚರ್ಮದ ರೋಧ ಸಾಮಾನ್ಯವಾಗಿ ಹತ್ತಾರು ಸಾವಿರ ಓಂ. ಸ್ಪ್ಯಾನರಿನದು ಓಮಿನ ಸಾವಿರದ ಒಂದೆರಡು ಭಾಗ. "12 ವೋಲ್ಟ್ ತಾನೆ, ಏನಾದೀತು?" ಎಂಬ ಮಾತು ಅರ್ಧ ಸತ್ಯ. ಶಾಕ್ ಹೊಡೆಯದು, ಸುಡಬಲ್ಲದು.

ಬ್ಯಾಟರಿಯೊಳಗೆ ಆರು ಕೋಶಗಳು ಶ್ರೇಣಿಯಲ್ಲಿವೆ. ಒಂದೊಂದೂ ಸುಮಾರು 2.1 ವೋಲ್ಟ್ ಕೊಡುವುದರಿಂದ ಪೂರ್ಣ ಆವೇಶಗೊಂಡ ಬ್ಯಾಟರಿಯ ವಿಭವಾಂತರ 12.6 ವೋಲ್ಟ್. ಋಣ ಫಲಕ ಸೀಸ, ಧನ ಫಲಕ ಸೀಸದ ಡೈಆಕ್ಸೈಡ್, ನಡುವೆ ದುರ್ಬಲ ಸಲ್ಫ್ಯೂರಿಕ್ ಆಮ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ ರೂಪಿಸಿದ ಸಂಚಯಕದ ರಸಾಯನ ಕ್ರಿಯೆಯೇ ಇಂದಿಗೂ ಇಲ್ಲಿದೆ.

ಟಾರ್ಚಿನ ಎಂಟು ಶುಷ್ಕಕೋಶಗಳನ್ನು ಸಾಲಾಗಿ ಜೋಡಿಸಿದರೂ 12 ವೋಲ್ಟ್ ಸಿಗುತ್ತದೆ. ಅದರಿಂದ ಕಾರನ್ನು ಏಕೆ ಚಾಲೂ ಮಾಡಲಾಗದು ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಒಂದೊಂದು ಕೋಶದ ಆಂತರಿಕ ರೋಧ 0.3 ಓಂ ಎಂದಿಟ್ಟುಕೊಂಡರೆ ಒಟ್ಟು 2.4 ಓಂ. ತುದಿಗಳನ್ನು ನೇರವಾಗಿ ಜೋಡಿಸಿದರೂ 5 ಆಂಪಿಯರ್‌ಗಿಂತ ಹೆಚ್ಚು ಹರಿಯದು. ಸ್ಟಾರ್ಟರ್ ಮೋಟಾರಿಗೆ ಬೇಕಾದದ್ದು ನೂರಾರು ಆಂಪಿಯರ್. ಅದಕ್ಕೆಂದೇ ಕಾರಿನ ಬ್ಯಾಟರಿಯಲ್ಲಿ ಅನೇಕ ತೆಳು ಫಲಕಗಳನ್ನು ಒತ್ತೊತ್ತಾಗಿಟ್ಟು ಆಂತರಿಕ ರೋಧವನ್ನು ಓಮಿನ ಸಾವಿರದ ಕೆಲವೇ ಭಾಗಕ್ಕೆ ಇಳಿಸಿರುತ್ತಾರೆ. ಉಪಯೋಗವೂ ಅದರಲ್ಲೇ, ಅಪಾಯವೂ ಅದರಲ್ಲೇ. ಆಂತರಿಕ ರೋಧ 0.008 ಓಂ, ಸ್ಪ್ಯಾನರ್ ಮತ್ತು ಸ್ಪರ್ಶಬಿಂದುಗಳ ರೋಧ 0.002 ಓಂ ಎನ್ನೋಣ. ಪ್ರವಾಹ 1260 ಆಂಪಿಯರ್! ಸ್ಪ್ಯಾನರಿನ ಪಾಲಿಗೆ ಬರುವ ಶಾಖವೇ ಸುಮಾರು 3200 ವಾಟ್. ಬಕೆಟ್ಟಿನ ನೀರು ಕಾಯಿಸುವ ಸಾವಿರ ವಾಟಿನ ಮೂರು ಕಾಯಿಲ್‌ಗಳ ಶಾಖ ಒಂದು ಕಬ್ಬಿಣದ ತುಂಡಿನಲ್ಲಿ! ಸ್ಪ್ಯಾನರಿನ ಜಾಗದಲ್ಲಿ ಬೆರಳಿನ ಉಂಗುರವೋ ಬಳೆಯೋ ಕೈಗಡಿಯಾರದ ಲೋಹದ ಪಟ್ಟಿಯೋ ಇದ್ದರೆ? ಕೆಲಸಕ್ಕೆ ಮೊದಲು ಅವನ್ನು ತೆಗೆದಿಡಿ.

ಈಗ ಬಿಚ್ಚುವ ಕ್ರಮ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ಕಂಬವನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಎಂದರೆ ಎಂಜಿನ್, ಬಾನೆಟ್, ಬ್ಯಾಟರಿಯನ್ನು ಬಿಗಿದ ಪಟ್ಟಿ ಎಲ್ಲವೂ ವಿದ್ಯುತ್ತಿನ ದೃಷ್ಟಿಯಿಂದ ಋಣ ಕಂಬವೇ. ನೀವು ಧನ ಕಂಬದ ನಟ್ಟನ್ನು ಮೊದಲು ಬಿಚ್ಚಲು ಹೊರಟಿರಿ ಎನ್ನಿ. ಸ್ಪ್ಯಾನರ್ ತಿರುಗುತ್ತಾ ಅದರ ಇನ್ನೊಂದು ತುದಿ ಕಾರಿನ ಮೈಗೆ ತಾಗಿದರೆ ಮಂಡಲ ಪೂರ್ಣವಾಯಿತು. ಮೇಲಿನ ಲೆಕ್ಕ ನಿಜವಾಯಿತು. ಋಣ ಕಂಬವನ್ನು ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಗಿದರೆ ಏನೂ ಆಗದು, ಎರಡೂ ಒಂದೇ ವಿಭವದಲ್ಲಿವೆ. ಋಣ ತಂತಿ ಕಳಚಿದ ಮೇಲೆ ಧನ ಕಂಬಕ್ಕೂ ಕಾರಿನ ಮೈಗೂ ಸ್ಪ್ಯಾನರ್ ತಗುಲಿದರೂ ಪ್ರವಾಹಕ್ಕೆ ಹಿಂದಿರುಗುವ ದಾರಿಯಿಲ್ಲ. ಆದ್ದರಿಂದ ಬಿಚ್ಚುವಾಗ ಋಣ ಮೊದಲು, ಜೋಡಿಸುವಾಗ ಋಣ ಕೊನೆಗೆ. ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಧನ ಕಂಬವೇ ಮೈಗೆ ಜೋಡಣೆಯಾಗಿರುತ್ತಿತ್ತು. ಅವುಗಳಲ್ಲಿ ಕ್ರಮವೂ ತಿರುಗುಮುರುಗು. ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಮೈಗೆ ಸೇರಿದ ತಂತಿ ಯಾವುದೆಂದು ನೋಡುವುದು ಒಳ್ಳೆಯದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು "ಡೈನಮೋ ಸರಿಯಿದೆಯೇ" ಎಂದು ಪರೀಕ್ಷಿಸುವ ಹಳೆಯ ಚಾಲಕರ ಪದ್ಧತಿ ಈಗ ಸಲ್ಲದು. ಹೊರೆ ಹಠಾತ್ತನೆ ತಪ್ಪಿದಾಗ ಆಲ್ಟರ್ನೇಟರಿನ ವೋಲ್ಟೇಜ್ ಜಿಗಿದು ಕಾರಿನ ಇಲೆಕ್ಟ್ರಾನಿಕ್ ಭಾಗಗಳನ್ನು ಕೆಡಿಸಬಹುದು. ಒಂದು ಮಲ್ಟಿಮೀಟರ್ ಸಾಕು: ಎಂಜಿನ್ ಓಡುವಾಗ ಕಂಬಗಳ ನಡುವೆ ಸುಮಾರು 13.8ರಿಂದ 14.4 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ.

ಎರಡನೆಯ ಅಪಾಯ ಕಣ್ಣಿಗೆ ಕಾಣದು. ಆವೇಶನದ ಕೊನೆಯ ಹಂತದಲ್ಲಿ ಆಮ್ಲದಲ್ಲಿನ ನೀರು ವಿಭಜನೆಯಾಗಿ ಹೈಡ್ರೊಜನ್, ಆಕ್ಸಿಜನ್ ಹೊರಬರುತ್ತವೆ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೊಜನ್ ಇದ್ದರೂ ಕಿಡಿ ತಗುಲಿ ಹತ್ತಿಕೊಳ್ಳಬಲ್ಲದು. ಬೀಡಿ, ಬೆಂಕಿಕಡ್ಡಿಯ ಬೆಳಕಿನಲ್ಲಿ ಆಮ್ಲದ ಮಟ್ಟ ನೋಡುವುದು ಎಷ್ಟು ಅಪಾಯಕರ ಎಂಬುದನ್ನು ಬೇರೆ ಹೇಳಬೇಕಿಲ್ಲ. ಇನ್ನೊಂದು ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಚಾಲೂ ಮಾಡುವಾಗ ಕೊನೆಯ ಋಣ ಕ್ಲಿಪ್ಪನ್ನು ಸೊರಗಿದ ಬ್ಯಾಟರಿಯ ಕಂಬಕ್ಕೆ ಹಾಕದೆ, ದೂರದ ಎಂಜಿನ್ ಲೋಹಕ್ಕೆ ಹಾಕಬೇಕೆನ್ನುವುದೂ ಇದಕ್ಕೇ. ಮಂಡಲ ಪೂರ್ಣಗೊಳ್ಳುವಾಗ ಹಾರುವ ಕಿಡಿ ಬ್ಯಾಟರಿಯಿಂದ ದೂರವಿರುತ್ತದೆ.

ಆಮ್ಲದ ವಿಷಯ ನಿಮಗೆ ಗೊತ್ತಿರುವುದೇ. ಕನ್ನಡಕ, ರಬ್ಬರ್ ಕೈಗವಸು ಇರಲಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿಗೆ ಸೋಡಾ ನೀರು ಹಾಕಕೂಡದು. ನೆಲಕ್ಕೆ ಚೆಲ್ಲಿದ್ದಕ್ಕೂ ಕಂಬದ ಮೇಲಿನ ಬೆಳ್ಳಗಿನ, ಹಸಿರು ಮಿಶ್ರಿತ ಪುಡಿಗೂ ಅಡುಗೆ ಸೋಡಾ ಸರಿ, ಆದರೆ ಅದು ಮುಚ್ಚಳದ ರಂಧ್ರದಿಂದ ಕೋಶದೊಳಗೆ ಇಳಿಯಬಾರದು. ಮಟ್ಟ ಕಡಿಮೆಯಾಗಿದ್ದರೆ ಭಟ್ಟಿಯಿಳಿಸಿದ ನೀರನ್ನೇ ಹಾಕಿ, ಆಮ್ಲವನ್ನಲ್ಲ. ಹೋದದ್ದು ನೀರು ಮಾತ್ರ.

ಹೊಸ ಬ್ಯಾಟರಿ ಕೊಳ್ಳುವಾಗ ಅಳತೆ, ಆಂಪಿಯರ್-ಗಂಟೆ, ಧನ ಕಂಬ ಯಾವ ಬದಿಗಿದೆ ಎಂಬುದು ಹೊಂದಬೇಕು. ಸಿಗ್ನಲ್ಲಿನಲ್ಲಿ ತಾನಾಗಿ ನಿಂತು ಹೊರಡುವ ಎಂಜಿನ್ನಿನ ಕಾರಿಗೆ ಅದಕ್ಕೆಂದೇ ತಯಾರಾದ ಬ್ಯಾಟರಿ ಬೇಕು. ಕಂಬಗಳು ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುತ್ತವೆ. ಧನ ಕಂಬ ಸ್ವಲ್ಪ ದಪ್ಪಗಿರುವುದು ಈ ತಪ್ಪನ್ನು ತಡೆಯಲೆಂದೇ. ಎತ್ತುವಾಗ ಓರೆ ಮಾಡಬೇಡಿ. ಹತ್ತು ಕಿಲೋಗ್ರಾಮಿಗೂ ಮಿಕ್ಕ ತೂಕದಲ್ಲಿ ಹೆಚ್ಚಿನದು ಸೀಸ.

ಆ ಸೀಸದಿಂದಾಗಿಯೇ ಹಳೆಯ ಬ್ಯಾಟರಿಗೆ ಗುಜರಿಯಲ್ಲಿ ಬೆಲೆ. ಹಿತ್ತಲಿನ ಒಲೆಗಳಲ್ಲಿ ಅದನ್ನು ಒಡೆದು ಕರಗಿಸಿದಾಗ ಸೀಸದ ಹೊಗೆ, ದೂಳು ಸುತ್ತಲಿನ ಮಣ್ಣಿಗೆ ಸೇರುತ್ತವೆ. ಅಲ್ಲಿ ಆಡುವ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಭಾರತದಲ್ಲಿ 2001ರ ನಿಯಮಗಳ ಜಾಗಕ್ಕೆ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದರ ಮರುಸಂಗ್ರಹ, ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಒಪ್ಪಿಸಿ, ಬೆಲೆಯಲ್ಲಿ ಅದಕ್ಕೆ ಸಿಗುವ ಕಡಿತವನ್ನು ಕೇಳಿ ಪಡೆಯಿರಿ.