ಒಂದು ಷಿಲಿಂಗಿನ ದಪ್ಪ

ಕಲಾಸಿಪಾಳ್ಯದಿಂದ ಜೆ.ಸಿ. ರಸ್ತೆಯ ಕಡೆಗೆ ಹಾಯುವ ಓಣಿಗಳಲ್ಲೊಂದರಲ್ಲಿ, ಹಳೆಯ ಟೈರುಗಳ ರಾಶಿಗೂ ಒಂದು ಚಹದಂಗಡಿಗೂ ನಡುವೆ ಇರುಕಿಕೊಂಡಂತಿದ್ದ ಬೋರಿಂಗ್ ಅಂಗಡಿಗೆ ನಾನು ಮೊತ್ತಮೊದಲು ಕಾಲಿಟ್ಟಾಗ ನನ್ನ ಕಂಕುಳಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಸಿಲಿಂಡರೂ ಮನಸ್ಸಿನಲ್ಲಿ ಅದಕ್ಕಿಂತ ಭಾರವಾದ ರೋಷವೂ ಇದ್ದುವು. ಮೈಸೂರಿನಲ್ಲಿ ಹುಟ್ಟಿದ ನನ್ನ ಯೆಜ್ಡಿ ಮೋಟಾರ್ ಸೈಕಲ್ಲು ಬಹುಕಾಲದ ಸೇವೆಯ ಅನಂತರ ನ್ಯಾಯವಾಗಿಯೇ ಬೋರಿಗೆ, ಎಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸುವ ಹಂತಕ್ಕೆ, ಬಂದಿತ್ತು; ಬೇರೊಂದು ಊರಿನಲ್ಲಿ, ಹೆಸರು ಹೇಳಲೊಲ್ಲದ ಅಂಗಡಿಯೊಂದರಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್ನು ಹೊಸ ರಿಂಗುಗಳನ್ನು ಹಾಕಿಸಿ ಹೊರಟವನು ಘಟ್ಟದ ಮೂರನೆಯ ತಿರುವನ್ನು ದಾಟುವ ಮೊದಲೇ ಹಿಂದಿನ ಚಕ್ರ ಬಿಗಿದುಹೋಗಿ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಎಂಜಿನು ಸೀಜ್ ಆಗಿತ್ತು.

ಮೇಸ್ತ್ರಿ ಸಿಲಿಂಡರನ್ನು ಬೆಳಕಿಗೆ ಹಿಡಿದು, ಒಳಗೋಡೆಯಲ್ಲಿ ಉದ್ದಕ್ಕೆ ಎದ್ದಿದ್ದ ಗೀರುಗಳ ಮೇಲೆ ಉಗುರಾಡಿಸಿ, ಒಂದೇ ಪ್ರಶ್ನೆ ಕೇಳಿದರು: "ಪಿಸ್ಟನ್ನು ಅಳೆದು ಬೋರ್ ಮಾಡಿದರಾ ಸಾರ್, ಡಬ್ಬಿ ಮೇಲಿನ ನಂಬರು ನೋಡಿ ಮಾಡಿದರಾ?" ಡಬ್ಬಿಯನ್ನು ನೋಡಿಯೇ ಮಾಡಿದ್ದರು. ಮೊದಲು ಪಿಸ್ಟನ್ನನ್ನು ತಂದು ಮುಂದಿಡದ ಗಿರಾಕಿಯ ಕೆಲಸವನ್ನು ತಾವು ಹಿಡಿಯುವುದೇ ಇಲ್ಲವೆಂದೂ, ಓವರ್‌ಸೈಜ್ ಎಂದು ಒಂದೇ ಅಂಕೆ ಹೊತ್ತು ಬರುವ ಎರಡು ಪಿಸ್ಟನ್ನುಗಳು ಒಂದೇ ಅಳತೆಯವಾಗಿರಬೇಕಾದ ನಿಯಮವಿಲ್ಲವೆಂದೂ, ಪಿಸ್ಟನ್ನನ್ನು ಪಿನ್ನಿಗೆ ಅಡ್ಡಲಾಗಿ, ಬುಡದ ಬಳಿ, ಮೈಕ್ರೋಮೀಟರು ಹಿಡಿದು ಅಳೆದು, ಅದಕ್ಕೆ ತಕ್ಕ ಸಂದನ್ನು ಕೂಡಿಸಿ ಅನಂತರವೇ ಸಿಲಿಂಡರನ್ನು ಕೊರೆಯಬೇಕೆಂದೂ ಅವರು ಹೇಳಿದಾಗ, ಆ ಸಂದಿಗೆ 'ಥೌ' ಎಂಬ ಮಾನವನ್ನು ಬಳಸಿದರು. ಅಂಗುಲದ ಸಾವಿರದಲ್ಲೊಂದು ಪಾಲು ಅದು. ಮಿಲಿಮೀಟರು ಈ ದೇಶಕ್ಕೆ ಬಂದು ಎಷ್ಟು ಕಾಲವಾದರೂ ಆ ಓಣಿಯಲ್ಲಿ ಥೌ ಇನ್ನೂ ರಾಜ್ಯವಾಳುತ್ತಿದೆ.

ಸಿಲಿಂಡರೆಂದರೆ ದುಂಡಗಿನ ರಂಧ್ರ ಎಂದಷ್ಟೇ ತಿಳಿದಿದ್ದ ನನಗೆ ಆ ದಿನ ಉಪದೇಶವಾದ ಸಂಗತಿಯೆಂದರೆ, ಓಡಿದ ಎಂಜಿನಿನ ಸಿಲಿಂಡರು ದುಂಡಗೂ ಇರುವುದಿಲ್ಲ, ನೆಟ್ಟಗೂ ಇರುವುದಿಲ್ಲ ಎಂಬುದು. ಮೇಲ್ತುದಿಯಲ್ಲಿ ರಿಂಗು ಒಂದು ಕ್ಷಣ ನಿಂತು ಹಿಂದಿರುಗುವ ಸ್ಥಾನದಲ್ಲಿ ಉರಿಯ ಒತ್ತಡ ಅತ್ಯಧಿಕ, ಎಣ್ಣೆಯ ಪೊರೆ ಅತ್ಯಲ್ಪ. ಆದ್ದರಿಂದ ಸವೆತವೆಲ್ಲ ಅಲ್ಲಿಯೇ. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ನು ಒಂದು ಪಕ್ಕದ ಗೋಡೆಗೇ ಹೆಚ್ಚಾಗಿ ಒರಗುತ್ತದೆ. ಆದ್ದರಿಂದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬೋರಿಂಗ್ ಕಲೆಯ ಮರ್ಮವಿರುವುದು ಇಲ್ಲಿ: ಕೊರೆಯುವ ಸರಳನ್ನು ಈ ಸವೆದ ಮೇಲ್ಭಾಗದ ಮೇಲೆ ಮಧ್ಯಕ್ಕೆ ನಿಲ್ಲಿಸಿದವನು ಸವೆತದ ತಪ್ಪನ್ನೇ ಹೊಸ ರಂಧ್ರಕ್ಕೆ ದಾಯವಾಗಿ ಕೊಡುತ್ತಾನೆ, ಬಲ್ಲವನು ರಿಂಗು ಎಂದೂ ಮುಟ್ಟದ ತಳಭಾಗವನ್ನು ಹುಡುಕಿ ಅಲ್ಲಿ ಮಧ್ಯವನ್ನು ಹಿಡಿಯುತ್ತಾನೆ.

ದುಂಡಗಿನ ರಂಧ್ರವನ್ನು ಮೊತ್ತಮೊದಲು ಕೊರೆದವರಾರು ಎಂಬ ಕುತೂಹಲ ಅಂದಿನಿಂದ ನನ್ನನ್ನು ಹಿಡಿದಿದೆ. ನಮ್ಮ ಶಾಲಾಪುಸ್ತಕಗಳು ಈ ವಿಷಯದಲ್ಲಿ ನಮಗೆ ಮಾಡಿದ ಅಪಕಾರ ಸಣ್ಣದಲ್ಲ. ಕುದಿಯುವ ಕೆಟಲಿನ ಮುಚ್ಚಳ ಕುಣಿಯುತ್ತಿದ್ದುದನ್ನು ಬಾಲಕ ಜೇಮ್ಸ್ ವಾಟ್ ಕಂಡನು, ಉಗಿಯಂತ್ರ ಹುಟ್ಟಿತು ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುವ ಆ ಪಾಠದಲ್ಲಿ, ಬಾಲಕನು ಬೆಳೆದು ಪೇಟೆಂಟು ಪಡೆದ 1769ಕ್ಕೂ ಯಂತ್ರವು ನಿಜವಾಗಿ ದುಡಿಯತೊಡಗಿದ 1776ಕ್ಕೂ ನಡುವಿನ ಏಳು ವರ್ಷಗಳಲ್ಲಿ ಅವನು ಏನು ಮಾಡುತ್ತಿದ್ದನೆಂಬ ಪ್ರಸ್ತಾಪವೇ ಇಲ್ಲ. ಹೊಟ್ಟೆಪಾಡಿಗಾಗಿ ಸ್ಕಾಟ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದನು. ಅವನ ಯಂತ್ರಕ್ಕೆ ಬೇಕಾದಂಥ ರಂಧ್ರವನ್ನು ಕೊರೆಯಬಲ್ಲವರು ಆ ದೇಶದಲ್ಲಿ ಒಬ್ಬರೂ ಇರಲಿಲ್ಲ.

ಅವನಿಗಿಂತ ಹಿಂದಿನವರಿಗೆ ಈ ತೊಂದರೆ ಏಕೆ ಬರಲಿಲ್ಲವೆಂದರೆ, ಅವರಿಗೆ ನೀರಿನ ಆಸರೆ ಇತ್ತು. 1712ರಲ್ಲಿ ಡಡ್ಲಿ ಕೋಟೆಯ ಬಳಿ ಗಣಿಯ ನೀರೆತ್ತಲು ನಿಂತ ನ್ಯೂಕೊಮೆನನ ಯಂತ್ರದಲ್ಲಿ ಪಿಸ್ಟನ್ನಿನ ಅಂಚಿಗೆ ಚರ್ಮವನ್ನು ಕಟ್ಟಿ, ಅದರ ಮೇಲೆ ಒಂದಿಷ್ಟು ನೀರನ್ನು ನಿಲ್ಲಿಸಿದರೆ ಸಾಕಾಗಿತ್ತು. ಸಂದು ಎಷ್ಟು ವಕ್ರವಾಗಿದ್ದರೂ ನೀರು ತುಂಬಿ ಮುಚ್ಚುತ್ತಿತ್ತು. ಉಗಿಯನ್ನು ಆ ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ ದ್ರವವಾಗಿಸುತ್ತಿದ್ದುದರಿಂದ, ಮೇಲೆ ನಿಂತ ನೀರು ಇನ್ನಷ್ಟು ತಂಪು ಮಾಡಿದರೆ ಯಾರಿಗೂ ದುಃಖವಿರಲಿಲ್ಲ. ವಾಟನ ಯುಕ್ತಿಯ ಸಾರವೇ ಸಿಲಿಂಡರನ್ನು ಸದಾ ಬಿಸಿಯಾಗಿಟ್ಟು ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವುದು. ಅಲ್ಲಿ ನೀರಿನ ಮುದ್ರೆಗೆ ಪ್ರವೇಶವಿಲ್ಲ. ಒಣ ಪಿಸ್ಟನ್ನು, ಬಿಸಿ ಗೋಡೆ, ಎರಡರ ನಡುವೆ ಉಗಿ ನುಸುಳಬಾರದು. ಕಿನ್ನೀಲ್ ಎಂಬಲ್ಲಿ ಅವನು ಹೂಡಿದ ಪ್ರಯೋಗಯಂತ್ರದ ಸಿಲಿಂಡರು 18 ಅಂಗುಲ ವ್ಯಾಸದ ತವರದ ಕೊಳವೆ. ಅದರ ಸಂದುಗಳನ್ನು ಮುಚ್ಚಲು ಆ ಮಹಾನುಭಾವನು ಬೆಂಡು, ಎಣ್ಣೆಯಲ್ಲಿ ಅದ್ದಿದ ಚಿಂದಿ, ಕಾಗದ, ಹಳೆಯ ಟೋಪಿ, ಕೊನೆಗೆ ಕುದುರೆಯ ಲದ್ದಿಯನ್ನೂ ತುರುಕಿ ನೋಡಿದನು. ಯಾವುದೂ ಫಲಿಸಲಿಲ್ಲ.

ಆ ಕಾಲದ ಶ್ರೇಷ್ಠ ಶಿಲ್ಪಿಯೆನಿಸಿದ್ದ ಜಾನ್ ಸ್ಮೀಟನನು ಕ್ಯಾರನ್ ಎರಕದ ಕಾರ್ಖಾನೆಗೆ ಒಂದು ಕೊರೆಯಂತ್ರವನ್ನು ಮಾಡಿಕೊಟ್ಟಿದ್ದನು. ನೀರಿನ ಚಕ್ರ ತಿರುಗಿಸುವ ಉದ್ದನೆಯ ಸರಳು, ಅದರ ಕೊನೆಗೆ ಉಳಿಗಳನ್ನು ಕೂಡಿಸಿದ ತಲೆ. ಸರಳಿಗೆ ಆಧಾರ ಒಂದೇ ತುದಿಯಲ್ಲಿ. ತಲೆಯು ಭಾರಕ್ಕೆ ಜೋತುಬೀಳುವುದರಿಂದ ಸಿಲಿಂಡರಿನೊಳಗೇ ಉರುಳುವ ಪುಟ್ಟ ಗಾಡಿಯೊಂದನ್ನು ಅದಕ್ಕೆ ಊರೆಯಾಗಿ ಕೊಟ್ಟಿದ್ದನು. ಬುದ್ಧಿವಂತನ ಉಪಾಯವೇ ಸರಿ. ಆದರೆ ಗಾಡಿ ಉರುಳುವುದು ಎರಕದ ಒರಟು ಗೋಡೆಯ ಮೇಲೆ, ಎರಕ ಎಲ್ಲಿ ಸೊಟ್ಟಗಿದೆಯೋ ಅಲ್ಲಿ ಉಳಿಯೂ ಸೊಟ್ಟಗೇ ಹೋಗುತ್ತದೆ. ಮೇಲೆ ಹೇಳಿದ, ಸವೆದ ಬಾಯಿಯನ್ನು ನಂಬಿ ಬೋರ್ ಮಾಡುವ ಅಂಗಡಿಯವನದೂ ಇದೇ ಪಾಪ. ಉದ್ದ ವ್ಯಾಸವು ಗಿಡ್ಡ ವ್ಯಾಸವನ್ನು ಅಂಗುಲದ 3/8ರಷ್ಟು ಮೀರಿದ ಸಿಲಿಂಡರುಗಳು ವಾಟನ ಪಾಲಿಗೆ ಬಂದುವು. ಅವನ ಯಂತ್ರವನ್ನು ಕಂಡ ಸ್ಮೀಟನನೇ, ಇದನ್ನು ತಕ್ಕಷ್ಟು ನಿಖರವಾಗಿ ಮಾಡಬಲ್ಲ ಉಪಕರಣಗಳೂ ಇಲ್ಲ, ಕೆಲಸಗಾರರೂ ಇಲ್ಲ ಎಂದು ಅಭಿಪ್ರಾಯಪಟ್ಟನಂತೆ.

ಇಲ್ಲಿ ರಂಗವನ್ನು ಪ್ರವೇಶಿಸುವ ಜಾನ್ ವಿಲ್ಕಿನ್ಸನನಲ್ಲಿ ನನಗೆ ಅಕಾರಣವಾದ ಪ್ರೀತಿಯುಂಟೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಜ್ಜನನೆಂದು ಅವನನ್ನು ಕರೆಯಲಾರೆ. ಕಬ್ಬಿಣವೇ ಅವನ ಇಷ್ಟದೈವ. ಕಬ್ಬಿಣದ ಸೇತುವೆಗೆ ಉತ್ಸಾಹ ತುಂಬಿದವರಲ್ಲಿ ಅವನೊಬ್ಬನು. 1787ರಲ್ಲಿ ಕಬ್ಬಿಣದ ದೋಣಿಯನ್ನು ತೇಲಿಸಿ ಮುಳುಗುತ್ತದೆಂದು ನೆರೆದಿದ್ದವರನ್ನು ನಿರಾಶೆಗೊಳಿಸಿದನು. ನಾಣ್ಯದ ಕೊರತೆಯ ಕಾಲದಲ್ಲಿ ರಾಜನ ತಲೆ ಇರಬೇಕಾದೆಡೆ ತನ್ನ ತಲೆಯನ್ನೇ ಅಚ್ಚೊತ್ತಿದ ತಾಮ್ರದ ಬಿಲ್ಲೆಗಳಲ್ಲಿ ಕೂಲಿಗಳಿಗೆ ಸಂಬಳ ಕೊಟ್ಟನು. ವೇಲ್ಸಿನ ಗಡಿಯ ಬರ್ಷಮ್ ಎಂಬಲ್ಲಿ ಅವನ ಎರಕದ ಮನೆ. 1774ರ ಜನವರಿಯಲ್ಲಿ, ಟೊಳ್ಳಾಗಿ ಎರಕಹೊಯ್ಯುವ ಬದಲು ಗಟ್ಟಿ ಕಬ್ಬಿಣದಿಂದಲೇ ಫಿರಂಗಿಯ ಬಾಯಿ ಕೊರೆಯುವ ವಿಧಾನಕ್ಕೆ ಪೇಟೆಂಟು ಪಡೆದನು; ಐದು ವರ್ಷಗಳಲ್ಲಿ ಸರ್ಕಾರವೇ ಅದನ್ನು ರದ್ದುಮಾಡಿಸಿತು.

ಫಿರಂಗಿಗೆ ಒಂದೇ ಬಾಯಿ, ಸಿಲಿಂಡರಿಗೆ ಎರಡು. ಈ ಮಾತು ಕೇಳುವುದಕ್ಕೆ ಮಕ್ಕಳ ಒಗಟಿನಂತಿದ್ದರೂ, ಅದನ್ನು ಕಂಡುಕೊಂಡವನು ವಿಲ್ಕಿನ್ಸನ್. ಎರಡೂ ಕಡೆ ತೆರೆದ ಕೊಳವೆಯಲ್ಲಿ ಸರಳನ್ನು ಈ ಬಾಯಿಂದ ಆ ಬಾಯಿಗೆ ಹಾಯಿಸಬಹುದು. ಹಾಯಿಸಿ ಎರಡು ತುದಿಗಳಿಗೂ ಹೊರಗೆ ಗಟ್ಟಿಯಾದ ಆಧಾರ ಕೊಡಬಹುದು. ಸಿಲಿಂಡರನ್ನು ಅಲುಗದಂತೆ ಬಿಗಿದು, ದಪ್ಪನೆಯ ಟೊಳ್ಳು ಸರಳನ್ನು ಅದರ ನಡುವೆ ತಿರುಗಿಸಿ, ಉಳಿಗಳ ತಲೆಯನ್ನು ಆ ಸರಳಿನ ಉದ್ದಕ್ಕೂ ನಿಧಾನವಾಗಿ ಜರುಗುವಂತೆ ಮಾಡಿದನು. ಟೊಳ್ಳಿನೊಳಗೆ ಸಾಗುವ ಹಲ್ಲುಪಟ್ಟಿಯೊಂದು ತಲೆಯನ್ನು ಎಳೆಯುತ್ತಿತ್ತು. ಉಳಿ ಈಗ ಎರಕದ ಗೋಡೆಯ ಮಾತು ಕೇಳುತ್ತಿರಲಿಲ್ಲ, ಸರಳಿನ ಮಾತು ಕೇಳುತ್ತಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ವಾಟನಿಗೆ ಪಾಲುದಾರನಾಗಿದ್ದ ಮ್ಯಾಥ್ಯೂ ಬೋಲ್ಟನನ ಕಾರ್ಖಾನೆಗೆ ವರ್ಗವಾಗಿದ್ದ ಕಿನ್ನೀಲಿನ ಯಂತ್ರ 1775ರಲ್ಲಿ ತನ್ನ ತವರದ ಕೊಳವೆಯನ್ನು ಕಳಚಿ ವಿಲ್ಕಿನ್ಸನನ ಕಬ್ಬಿಣದ ಸಿಲಿಂಡರನ್ನು ಧರಿಸಿತು. ಮರುವರ್ಷ ಮಾರ್ಚಿಯಲ್ಲಿ ಟಿಪ್ಟನ್ನಿನ ಬ್ಲೂಮ್‌ಫೀಲ್ಡ್ ಕಲ್ಲಿದ್ದಲ ಗಣಿಯಲ್ಲಿ 50 ಅಂಗುಲ ವ್ಯಾಸದ ಸಿಲಿಂಡರಿನ ಯಂತ್ರ ನೀರೆತ್ತತೊಡಗಿತು. ಆ ಸಿಲಿಂಡರು ಎಲ್ಲಿ ಅಳೆದರೂ ಹಳೆಯ ಷಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪದೆಂದು ಬೋಲ್ಟನನು ಹಿಗ್ಗಿ ಪತ್ರ ಬರೆದನು.

ಆಮೇಲಿನ ಇಪ್ಪತ್ತು ವರ್ಷ ಬೋಲ್ಟನ್ ಮತ್ತು ವಾಟರ ಸಿಲಿಂಡರುಗಳು ಬಹುಮಟ್ಟಿಗೆ ವಿಲ್ಕಿನ್ಸನನಲ್ಲಿಯೇ ತಯಾರಾದುವು. ಕಾರ್ನ್‌ವಾಲಿನ ಗಣಿಗಳಿಗೆ ಹೋದ ಯಂತ್ರಗಳ ಕತೆ ದೀರ್ಘ. ಅಲ್ಲಿಯ ಗಣಿಗಾರರ ಪೀಳಿಗೆಯವರೇ ಒಂದು ಶತಮಾನದ ಬಳಿಕ ನಮ್ಮ ಕೋಲಾರದ ಚಿನ್ನದ ಗಣಿಗೆ ಇಳಿದರೆಂಬುದನ್ನು ಮಾತ್ರ ಹೇಳಿ ಮುಂದೆ ಸಾಗುತ್ತೇನೆ, ಏಕೆಂದರೆ ಜಗಳ ಕಾದಿದೆ.

ಜಾನ್ ವಿಲ್ಕಿನ್ಸನನಿಗೆ ವಿಲಿಯಂ ಎಂಬ ತಮ್ಮನಿದ್ದನು. ಬರ್ಷಮ್ಮಿನಲ್ಲಿ ಪಾಲುದಾರ, ಫ್ರಾನ್ಸಿಗೆ ಹೋಗಿ ಲುವಾರ್ ನದಿಯ ದ್ವೀಪವೊಂದರಲ್ಲಿ ಫಿರಂಗಿಯ ಎರಕಶಾಲೆಯನ್ನು ಕಟ್ಟಿಕೊಟ್ಟು ಬಂದವನು. ಹಿಂದಿರುಗಿದಾಗ ಅಣ್ಣನು ತನ್ನ ಪಾಲನ್ನು ನುಂಗಿದನೆಂದು ಅವನಿಗೆ ತೋರಿತು. ಆಸ್ತಿಯ ವ್ಯಾಜ್ಯದ ವೈಖರಿ ಎಲ್ಲ ದೇಶಗಳಲ್ಲಿಯೂ ಒಂದೇ: ತಮ್ಮನು ಸುತ್ತಿಗೆಯವರನ್ನು ಕರೆತಂದು ಕಾರ್ಖಾನೆಯನ್ನು ಒಡೆಸತೊಡಗಿದನೆಂದೂ, ಅದನ್ನು ಕಂಡ ಅಣ್ಣನು ಮಿಕ್ಕುದನ್ನು ತಾನೇ ಒಡೆಸಿದನೆಂದೂ ಪ್ರತೀತಿಯುಂಟು. 1795ರಲ್ಲಿ ಬರ್ಷಮ್ ಹರಾಜಿಗೆ ಬಂದಿತು. ಇಷ್ಟಕ್ಕೇ ವಿಲಿಯಮ್ಮನ ಕೋಪ ಆರಲಿಲ್ಲ. ನೇರವಾಗಿ ಬೋಲ್ಟನ್ ಮತ್ತು ವಾಟರ ಬಳಿಗೆ ಹೋಗಿ, ತನ್ನ ಅಣ್ಣನು ಇಷ್ಟು ವರ್ಷ ಅವರಿಗೆ ತಿಳಿಯದಂತೆ, ಸಲ್ಲಬೇಕಾದ ಹಣವನ್ನೂ ಸಲ್ಲಿಸದೆ, ಅವರ ಯಂತ್ರಗಳನ್ನು ಕಳ್ಳತನದಲ್ಲಿ ಮಾಡಿ ಮಾರಿದ್ದಾನೆಂದು ಬಯಲುಮಾಡಿದನು. ಒಂದೆರಡಲ್ಲ, ಹಲವು ಯಂತ್ರಗಳು.

ವಾಟನ ಸಂಕಟವನ್ನು ಊಹಿಸಬಹುದು. ಪೇಟೆಂಟಿನ ವಿಷಯದಲ್ಲಿ ಅವನಷ್ಟು ಜಿಪುಣನಾದವನು ಇನ್ನೊಬ್ಬನಿರಲಿಲ್ಲ. ಪಾರ್ಲಿಮೆಂಟಿನಿಂದ ಅದನ್ನು 1800ರವರೆಗೆ ಬೆಳೆಸಿಕೊಂಡು, ಉಳಿತಾಯವಾದ ಕಲ್ಲಿದ್ದಲ ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ಕಾಣಿಕೆಯಾಗಿ ಎತ್ತುತ್ತಿದ್ದವನು. ಆದರೂ ನನ್ನ ಮನಸ್ಸು ಕಳ್ಳನ ಕಡೆಗೇ ವಾಲುತ್ತದೆ. ಅವನ ಸರಳಿಲ್ಲದಿದ್ದರೆ ಆ ಪೇಟೆಂಟು ಕುದುರೆಯ ಲದ್ದಿಯೊಂದಿಗೇ ಕೊಳೆಯುತ್ತಿತ್ತು. 1796ರ ಜನವರಿಯಲ್ಲಿ ಬೋಲ್ಟನ್ ಮತ್ತು ವಾಟ್ ಸ್ವಂತ ಎರಕದ ಕಾರ್ಖಾನೆಯನ್ನು ತೆರೆದರು; ಕೊರೆಯುವ ವಿದ್ಯೆ ಅಲ್ಲಿಗೂ ಬಂದಿತು. ವಿಲ್ಕಿನ್ಸನನು 1808ರಲ್ಲಿ ತೀರಿಕೊಂಡನು, ತಾನೇ ಮಾಡಿಸಿದ್ದ ಕಬ್ಬಿಣದ ಶವಪೆಟ್ಟಿಗೆಯಲ್ಲಿ ಹುದುಗಿದನು, ಒಂದಕ್ಕಿಂತ ಹೆಚ್ಚು ಸಲ ಅಗೆದು ತೆಗೆಯಲ್ಪಟ್ಟು ಕೊನೆಗೆ ಲಿಂಡೇಲಿನ ಮಣ್ಣಿನಲ್ಲಿ ನೆಲೆಗೊಂಡನು. ಏಳು ವರ್ಷಗಳ ಮೇಲೆ ಬೂದುಬಣ್ಣದ ಕುದುರೆಯೇರಿ ಮರಳಿ ಬರುವನೆಂದು ನಂಬಿ ಜನ ಗುಂಪುಗೂಡಿ ಕಾದರಂತೆ. ಬರಲಿಲ್ಲ.

ಮುಂದಿನ ಶತಮಾನವನ್ನು ಒಂದು ಹೆಜ್ಜೆಯಲ್ಲಿ ದಾಟಬಹುದು. 1852ರಲ್ಲಿ ಜಾನ್ ರಾಮ್ಸ್‌ಬಾಟಮನು ತನ್ನ ಬಲದಿಂದಲೇ ಗೋಡೆಗೆ ಒತ್ತಿಕೊಳ್ಳುವ ಸೀಳುರಿಂಗನ್ನು ತಂದನು. ಹಳೆಯ ಟೋಪಿಗೂ ಚಿಂದಿಗೂ ವಿಮುಕ್ತಿ ದೊರೆಯಿತು. ಮೋಟಾರು ಬಂದಿತು. ಷಿಲಿಂಗಿನ ದಪ್ಪ ಥೌಗಳಿಗೆ ಇಳಿಯಿತು.

ನಮ್ಮ ಓಣಿಯ ಅಂಗಡಿಯಲ್ಲಿ ವಿಲ್ಕಿನ್ಸನನು ಇಂದಿಗೂ ಒಂದು ಮೂಲೆಯಲ್ಲಿ ವಾಸವಾಗಿದ್ದಾನೆ. ಲಾರಿಯ ಬ್ಲಾಕನ್ನು ಮಗುಚಿಟ್ಟು, ಕ್ರ್ಯಾಂಕು ಕೂರುವ ಅಷ್ಟೂ ಬೇರಿಂಗ್ ಮನೆಗಳ ಮೂಲಕ ಉದ್ದನೆಯ ಸರಳನ್ನು ಹಾಯಿಸಿ, ಎರಡು ತುದಿಗೂ ಆಧಾರ ಕೊಟ್ಟು, ಒಂದೇ ಗೆರೆಯಲ್ಲಿ ಕೊರೆಯುವ ಲೈನ್ ಬೋರಿಂಗ್ ಕೆಲಸವನ್ನು ನೋಡಿದವರಿಗೆ ಬರ್ಷಮ್ಮನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಪಕ್ಕದಲ್ಲಿರುವ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಮುಚ್ಚಿಹೋಯಿತು, ಲೇತ್ ದುಡಿಯುತ್ತಲೇ ಇದೆ. ಇದನ್ನು ನೆನೆದಾಗಲೆಲ್ಲ ನನಗೆ ಬರುವ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದು. ಮೇಸ್ತ್ರಿಯ ದೂರು ಬೇರೆ. ಈಗಿನ ಎಣ್ಣೆ, ಈಗಿನ ಫಿಲ್ಟರುಗಳ ದಯೆಯಿಂದ ಎಂಜಿನು ಬೋರಿಗೆ ಬರುವುದೇ ಅಪರೂಪ. ಬಂದರೂ ಗೋಡೆಗೆ ಲೇಪ ಕೊಟ್ಟ ಅಲ್ಯೂಮಿನಿಯಂ ಸಿಲಿಂಡರಾದರೆ ಕೊರೆಯುವಂತಿಲ್ಲ. ಕೊರೆದರೂ ಓವರ್‌ಸೈಜ್ ಪಿಸ್ಟನ್ನು ಸಿಕ್ಕುವುದಿಲ್ಲ. ಬಿಸಾಡಿ ಹೊಸದನ್ನು ಹಾಕಿಸುತ್ತಾರೆ.

ಕಳೆದ ಸಲ ಹೋದಾಗ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ಪಾವಲಿಯೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಷಿಲಿಂಗಿನ ಕತೆಯನ್ನು ಹೇಳಿ, ಅಳೆಯಿರೆಂದು ಕೊಟ್ಟೆ. ಮೇಸ್ತ್ರಿ ಪಾವಲಿಯನ್ನು ಮೈಕ್ರೋಮೀಟರಿನ ದವಡೆಗಿಟ್ಟು, ತುದಿಯ ಗಿಲಕಿಯನ್ನು ಮೂರು ಸಲ ಟಿಕ್ ಎನ್ನಿಸಿ, ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಎಂದರು. ಆಮೇಲೆ ನಕ್ಕು, "ಇಷ್ಟು ಬಿಟ್ಟಿದ್ದರೆ ನಾನು ಎಂದೋ ಬಾಗಿಲು ಹಾಕಬೇಕಾಗಿತ್ತು ಸಾರ್" ಎಂದು ಹಿಂದಿರುಗಿಸಿದರು. ಬೆಂಚಿನ ಮೇಲೆ ಆಗತಾನೇ ಹೋನಿಂಗ್, ಎಂದರೆ ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವ ಕೆಲಸ, ಮುಗಿದ ಸಿಲಿಂಡರೊಂದು ಇತ್ತು. ಒಳಗೋಡೆಯಲ್ಲಿ ಎಣ್ಣೆ ನಿಲ್ಲಲೆಂದು ಕಲ್ಲು ಎಳೆದ ಗೆರೆಗಳು ಒಂದನ್ನೊಂದು ಕತ್ತರಿಸುತ್ತ, ಚಾಪೆಯ ಹೆಣಿಗೆಯಂತೆ ಹೊಳೆಯುತ್ತಿದ್ದುವು. ಸೀಮೆಎಣ್ಣೆಯಲ್ಲಿ ತೊಳೆದರೆ ಕಲ್ಲಿನ ಪುಡಿ ಗೆರೆಗಳಲ್ಲಿಯೇ ಉಳಿದು ರಿಂಗನ್ನು ತಿನ್ನುತ್ತದೆಂದು ಅವರು ಬಿಸಿನೀರು ಸೋಪಿನಲ್ಲಿ ತೊಳೆಸುತ್ತಾರೆ. ಎಣ್ಣೆ ಸವರಿದ ಬಿಳಿಯ ಬಟ್ಟೆಯನ್ನು ಒಳಗೆ ತಿರುವಿ ತೆಗೆದು ಬಾಗಿಲ ಬೆಳಕಿನಲ್ಲಿ ನೋಡಿದರು. ಬಟ್ಟೆ ಬೂದುಗಟ್ಟಿತ್ತು.

"ಲೇ, ಇನ್ನೊಂದು ಸಲ ಬಿಸಿನೀರು ತಾರೋ" ಎಂದು ಹುಡುಗನನ್ನು ಕೂಗಿದರು.