ತಾಮ್ರಗಿರಿಯ ಮಡಿಲಲ್ಲಿ: ಸ್ವೀಡನ್ನಿನ ಬೆಟ್ಟದೂರುಗಳಿಗೆ ಒಂದು ದಿನದ ಪ್ರವಾಸ



ಬೆಟ್ಟದೂರು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಮಡಿಕೇರಿ, ಚಿಕ್ಕಮಗಳೂರು, ಆಗುಂಬೆಗಳ ಚಿತ್ರ. ಮಂಜು, ತಂಗಾಳಿ, ಕಾಫಿಯ ಪರಿಮಳ, ತಿರುವು ರಸ್ತೆಯ ಕೊನೆಯಲ್ಲೊಂದು ಪ್ರವಾಸಿ ಮಂದಿರ. ಇಷ್ಟಿದ್ದರೆ ನಮ್ಮ ವಿಹಾರ ಸಂಪೂರ್ಣ. ಸ್ಟಾಕ್‌ಹೋಮಿನ ಸುತ್ತಮುತ್ತ ನೆಲೆಸಿರುವ ನಮ್ಮ ಕುಟುಂಬಗಳು ಬೇಸಗೆ ಬಂತೆಂದರೆ ಇಲ್ಲಿಯೂ ಅಂಥ ಊರುಗಳನ್ನು ಅರಸುವುದು ಸಹಜ. ಆದರೆ ಈ ದೇಶದ ಎತ್ತರದ ಪರ್ವತಗಳೆಲ್ಲ ನಾರ್ವೆಯ ಗಡಿಯುದ್ದಕ್ಕೂ ಇವೆ; ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕೆನ್ನುವವರಿಗೆ ಅವು ಎಟುಕುವುದಿಲ್ಲ.

ಎಟುಕುವ ದೂರದಲ್ಲಿರುವುದು ಬೆರ್ಯಸ್ಲಾಗೆನ್ ಎಂಬ ಸೀಮೆ. ರಾಜಧಾನಿಯ ವಾಯವ್ಯಕ್ಕೆ ಹಬ್ಬಿರುವ ಈ ನಾಡಿನಲ್ಲಿ ಬೆಟ್ಟಗಳು ತಗ್ಗಾದವು, ಕಾಡು ಹೊದ್ದವು, ನಡುನಡುವೆ ಕೆರೆಗಳನ್ನು ಹಿಡಿದುಕೊಂಡವು. ‘ಬೆರ್ಯ್’ ಎಂದರೆ ಸ್ವೀಡಿಷ್ ಭಾಷೆಯಲ್ಲಿ ಬೆಟ್ಟ, ಬಂಡೆಯೂ ಹೌದು. ಗಣಿಗಾರರ ಬಾಯಲ್ಲಿ ಅದು ಅದಿರನ್ನು ಹೊತ್ತ ಬೆಟ್ಟ. ಗಣಿಗಾರಿಕೆಯ ವಿಶೇಷ ಕಟ್ಟಳೆಗಳು ನಡೆಯುತ್ತಿದ್ದ ಪ್ರದೇಶವೇ ಬೆರ್ಯಸ್ಲಾಗೆನ್. ನಮ್ಮ ಗಿರಿಧಾಮಗಳು ಬೆಟ್ಟದ ನೆತ್ತಿಯನ್ನು ನೋಡಿ ಹುಟ್ಟಿದವು. ಇಲ್ಲಿಯ ಊರುಗಳು ಬೆಟ್ಟದ ಗರ್ಭವನ್ನು ನೋಡಿ ಹುಟ್ಟಿದವು. ಅವುಗಳ ಇಂದಿನ ಚೆಲುವೂ ಆ ಗರ್ಭದಿಂದಲೇ ಬಂದದ್ದು. ಆ ಚೆಲುವಿಗೆ ಯಾರು ಯಾವ ಬೆಲೆ ತೆತ್ತರೆಂಬುದನ್ನು ತಿಳಿದು ನೋಡಿದರೆ ಒಂದು ದಿನದ ಪ್ರವಾಸವು ಬಹಳ ದೊಡ್ಡದಾಗುತ್ತದೆಂಬುದೇ ನಾವು ಇಲ್ಲಿ ನಿವೇದಿಸಬಯಸುವ ವಿಷಯ.

ಮೊದಲು ಫಾಲುನ್ ಪಟ್ಟಣವನ್ನು ತೆಗೆದುಕೊಳ್ಳೋಣ. ಸ್ಟಾಕ್‌ಹೋಮಿನಿಂದ ಸುಮಾರು 220 ಕಿಲೋಮೀಟರು. ರೈಲಿನಲ್ಲಿ ಎರಡೂವರೆ ಮೂರು ಗಂಟೆಯ ಹಾದಿ. ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟರೆ ಹೊತ್ತೇರುವ ಮುನ್ನ ತಲುಪಬಹುದು. ಊರಿನ ಅಂಚಿನಲ್ಲಿರುವ ಗಣಿಯ ಹೆಸರು ‘ಸ್ಟೂರಾ ಕೊಪ್ಪರ್‌ಬೆರ್ಯ್’, ಅಂದರೆ ಮಹಾ ತಾಮ್ರಗಿರಿ. ಮೇಕೆಯೊಂದು ಕೊಂಬಿಗೆ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಬಂದುದರಿಂದ ಇಲ್ಲಿ ಅದಿರಿರುವುದು ತಿಳಿಯಿತೆಂದು ಸ್ಥಳಪುರಾಣ. ಹಸು ಹುತ್ತಕ್ಕೆ ಹಾಲು ಸುರಿಸಿದ್ದರಿಂದ ಲಿಂಗವು ಪತ್ತೆಯಾಯಿತೆಂಬ ಕಥೆಯನ್ನು ಊರೂರಿನಲ್ಲಿ ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು.

ಪುರಾಣವನ್ನು ಬಿಟ್ಟು ಲಿಖಿತ ದಾಖಲೆಗೆ ಬಂದರೆ, ಈ ಗಣಿಯ ಅತ್ಯಂತ ಹಳೆಯ ಪತ್ರ 1288ನೆಯ ಇಸವಿಯದು. ವೆಸ್ಟೆರೋಸ್ ನಗರದ ಬಿಷಪ್ಪರು ಗಣಿಯ ಎಂಟನೆಯ ಒಂದು ಪಾಲನ್ನು ಮರಳಿ ಪಡೆದುದನ್ನು ಅದು ಹೇಳುತ್ತದೆ. ದೋರಸಮುದ್ರದಲ್ಲಿ ಹೊಯ್ಸಳ ಮೂರನೆಯ ನರಸಿಂಹನು ಆಳುತ್ತಿದ್ದ ಕಾಲವದು. 1347ರಲ್ಲಿ ದೊರೆ ಮಾಗ್ನುಸ್ ಎರಿಕ್ಸನ್ ಗಣಿಗಾರರಿಗೆ ಸನ್ನದು ನೀಡಿದನು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ತಾಮ್ರದ ಮೂರರಲ್ಲಿ ಎರಡು ಪಾಲು ಈ ಒಂದೇ ಬೆಟ್ಟದಿಂದ ಬರುತ್ತಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. 1650ರ ಸುಮಾರಿಗೆ ವರ್ಷಕ್ಕೆ 3,000 ಟನ್ನಿನಷ್ಟು ತಾಮ್ರ ಹೊರಬಂದಿತು. ಈ ಪುಟ್ಟ ದೇಶವು ಆ ಶತಮಾನದಲ್ಲಿ ಯೂರೋಪಿನ ಮಹಾಯುದ್ಧಗಳಲ್ಲಿ ಭಾಗವಹಿಸಲು ಹಣ ಹೊಂದಿಸಿದುದರಲ್ಲಿ ಈ ತಾಮ್ರದ ಪಾತ್ರ ಹಿರಿದು.

ಗಣಿಯ ಬಾಯಿಯಲ್ಲಿ ನಿಂತರೆ ಮೊದಲು ಕಾಣುವುದು ಒಂದು ಬೃಹತ್ ಕೊರಕಲು: ಸುಮಾರು 100 ಮೀಟರು ಆಳ, 300 ಮೀಟರಿಗೂ ಹೆಚ್ಚು ಅಗಲ. ಇದನ್ನು ಯಾರೂ ತೋಡಲಿಲ್ಲ. ಒಂದಕ್ಕೊಂದು ಸಮೀಪವಾಗಿ ಆಳಕ್ಕಿಳಿದಿದ್ದ ಗುಂಡಿಗಳ ನಡುವಣ ಗೋಡೆಗಳು 1687ರ ಜೂನ್ 25ರಂದು ಒಮ್ಮೆಗೇ ಕುಸಿದವು. ಅದು ನಡುಬೇಸಗೆಯ ಹಬ್ಬದ ಸಮಯ. ಗಣಿಯೊಳಗೆ ಯಾರೂ ಇರಲಿಲ್ಲವಾಗಿ ಒಂದು ಜೀವವೂ ಹೋಗಲಿಲ್ಲ. ಹಬ್ಬದ ದಿನ ದುಡಿಯಬಾರದೆಂಬ ನಮ್ಮ ಅಜ್ಜಿಯರ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ದೊರೆಯಲಾರದು!

ಮಾರ್ಗದರ್ಶಕರೊಡನೆ ಗಣಿಯೊಳಗೆ ಸುಮಾರು 67 ಮೀಟರು ಆಳದವರೆಗೆ ಇಳಿಯಬಹುದು. ವೈದ್ಯರಾಗಿ ಒಂದು ಮಾತು ಹೇಳಬೇಕು: ಒಳಗೆ ಬೇಸಗೆಯಲ್ಲಿಯೂ 5-6 ಡಿಗ್ರಿ ಚಳಿ, ನೂರಾರು ಮೆಟ್ಟಿಲು, ತೇವದ ನೆಲ. ಊರಿನಿಂದ ಬಂದ ತಂದೆತಾಯಿಯರಿಗೆ ಹೃದಯದ ತೊಂದರೆಯೋ ಮಂಡಿನೋವೋ ಇದ್ದರೆ ಅವರು ಮೇಲೆಯೇ ಉಳಿದು ಕೊರಕಲಿನ ಅಂಚಿನಲ್ಲಿ ಒಂದು ಸುತ್ತು ಬರುವುದು ಲೇಸು. ಉಳಿದವರು ಉಣ್ಣೆಯ ಉಡುಪು, ಗಟ್ಟಿ ಬೂಟು ಧರಿಸಿಯೇ ಇಳಿಯಬೇಕು.

ಮೇಲೆ ಬಂದ ನಂತರ ಎಲ್ಸ್‌ಬೊರ್ಯ್, ಎಸ್ಟಾನ್‌ಫೋರ್ಸ್ ಎಂಬ ಹಳೆಯ ಕಾರ್ಮಿಕ ಕೇರಿಗಳಲ್ಲಿ ನಡೆದಾಡಿರಿ. ಇಕ್ಕಟ್ಟಾದ ಬೀದಿ, ಮರದ ಮನೆ, ಬಿಳಿಯ ಅಂಚು ಕಟ್ಟಿದ ಕಿಟಕಿ, ಎಲ್ಲಕ್ಕೂ ಗಾಢವಾದ ಕೆಂಪು ಬಣ್ಣ. ಸ್ವೀಡನ್ನಿನ ಎಲ್ಲ ಹಳ್ಳಿಗಳಲ್ಲಿ ನಾವು ಕಂಡು ಮೆಚ್ಚುವ ಆ ಕೆಂಪಿನ ತವರು ಇದೇ. ತಾಮ್ರ ತೆಗೆದು ಬಿಸಾಡಿದ ಕಲ್ಲಿನ ರಾಶಿ ಗಾಳಿಮಳೆಗೆ ಶತಮಾನಗಳ ಕಾಲ ಕರಗಿ ಕಬ್ಬಿಣದ ಆಕ್ಸೈಡಿನಿಂದ ಕೂಡಿದ ಕೆಂಪು ಮಣ್ಣಾಯಿತು. ಅದನ್ನು ತೊಳೆದು, ಸುಟ್ಟು, ಅರೆದು, ರೈ ಹಿಟ್ಟಿನ ಗಂಜಿ, ಅಗಸೆ ಎಣ್ಣೆ ಮತ್ತು ಅನ್ನಭೇದಿಯೊಡನೆ ಕುದಿಸಿದರೆ ಈ ಬಣ್ಣ ಸಿದ್ಧ. ಮರಕ್ಕೆ ಉಸಿರಾಡಲು ಬಿಡುತ್ತ, ಕೊಳೆಯದಂತೆ ಕಾಯುತ್ತದೆ. ನಮ್ಮ ಹಳ್ಳಿಯ ಮನೆಗಳ ಗೋಡೆಗೆ ಕೆಮ್ಮಣ್ಣು ಸಾರಿಸಿ ಸುಣ್ಣದ ಅಂಚೆಳೆಯುತ್ತಿದ್ದುದನ್ನು ಕಂಡವರಿಗೆ ಇದರ ಸೊಗಸು ತಟ್ಟನೆ ಅರ್ಥವಾಗುತ್ತದೆ. ಗಣಿಯ ಕಸವೇ ನಾಡಿನ ಸೌಂದರ್ಯವಾದ ಪರಿ ಇದು. ಗಣಿಯ ಹಗ್ಗಗಳನ್ನು ಎತ್ತಿನ ತೊಗಲಿನಿಂದ ಹೊಸೆಯುತ್ತಿದ್ದರು. ಉಳಿದ ಮಾಂಸದಿಂದ ಹುಟ್ಟಿದ್ದೇ ನಮ್ಮ ಮಕ್ಕಳ ಶಾಲೆಗಳಲ್ಲಿ ಊಟಕ್ಕೆ ಬಡಿಸುವ ‘ಫಾಲುಕೊರ್ವ್’. ಸಸ್ಯಾಹಾರಿಗಳು ಅದರ ಇತಿಹಾಸವನ್ನಷ್ಟೇ ಸವಿಯಬಹುದು.

ಇನ್ನು ಬೆಲೆಯ ಮಾತು. 1719ರಲ್ಲಿ ನೀರು ತುಂಬಿದ್ದ ಹಳೆಯ ಸುರಂಗವೊಂದರಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ನಿನ್ನೆಯೋ ಮೊನ್ನೆಯೋ ತೀರಿಕೊಂಡವನಂತೆ ಮುಖ ಮಾಸಿರಲಿಲ್ಲ. ಆದರೂ ಯಾರಿಗೂ ಗುರುತು ಹತ್ತಲಿಲ್ಲ. ಕೊನೆಗೆ ಮಾರ್ಗರೇಟಾ ಎಂಬ ವೃದ್ಧೆ ಬಂದು, ಇವನು ತನಗೆ ನಿಶ್ಚಯವಾಗಿದ್ದ ವರ ಮಾಟ್ಸ್ ಇಸ್ರಾಯೆಲ್ಸನ್ ಎಂದು ಗುರುತಿಸಿದಳು. ಅವನು ಕಾಣೆಯಾದದ್ದು 1677ರಲ್ಲಿ. 42 ವರ್ಷಗಳಲ್ಲಿ ಅವಳು ಮುದುಕಿಯಾಗಿದ್ದಳು, ಅವನು ತರುಣನಾಗಿಯೇ ಉಳಿದಿದ್ದನು. ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತದಂಥ ಲವಣಗಳು ಗಣಿಯ ನೀರಿನಲ್ಲಿ ಸೇರಿ ಶವವನ್ನು ಕೊಳೆಯದಂತೆ ಕಾಯ್ದಿದ್ದವು. ಆ ದೇಹವನ್ನು ಬಹುಕಾಲ ಪ್ರದರ್ಶನಕ್ಕಿಟ್ಟಿದ್ದರು. ಅಂತಿಮವಾಗಿ ಮಣ್ಣು ಸೇರಿದ್ದು 1930ರಲ್ಲಿ. ಜರ್ಮನ್ ಲೇಖಕರಾದ ಹೇಬೆಲ್ ಮತ್ತು ಹಾಫ್‌ಮನ್ ಇದನ್ನು ಕಥೆಯಾಗಿಸಿದ್ದಾರೆ.

ಹೀಗೆ ಕುಸಿತಕ್ಕೆ ಸಿಕ್ಕಿ ಸತ್ತವರ ಹೆಸರು ಕಥೆಗಳಲ್ಲಿ ಉಳಿಯುತ್ತದೆ. ಉಸಿರಿನ ಮೂಲಕ ನಿಧಾನವಾಗಿ ಸತ್ತವರದು ಉಳಿಯುವುದಿಲ್ಲ. ಸಸ್ಯಗಳಿಗೆ ಹೆಸರಿಡುವ ಪದ್ಧತಿಯನ್ನು ಜಗತ್ತಿಗೆ ಕೊಟ್ಟ ಲಿನೇಯಸ್ ವೈದ್ಯನೂ ಆಗಿದ್ದನೆಂಬುದನ್ನು ನಾವು ಮರೆಯುತ್ತೇವೆ. ಅವನ ಮಾವ ಫಾಲುನ್ನಿನಲ್ಲಿಯೇ ವೈದ್ಯರಾಗಿದ್ದವರು. 1734ರಲ್ಲಿ ದಾಲಾರ್ನ ಪ್ರಾಂತ್ಯವನ್ನು ಸುತ್ತಿದಾಗ ಲಿನೇಯಸ್ ಗಣಿಯ ಗಂಧಕದ ಹೊಗೆಯನ್ನು ಕಂಡನು. ಮತ್ತಷ್ಟು ಉತ್ತರದ ಊರ್ಸಾ ಎಂಬಲ್ಲಿ ಸಾಣೆಕಲ್ಲು ಕಡೆಯುವವರು ಎಳೆಯ ವಯಸ್ಸಿನಲ್ಲಿಯೇ ಎದೆರೋಗದಿಂದ ಸಾಯುತ್ತಿದ್ದುದನ್ನು ಬರೆದಿಟ್ಟನು. ಇಂದು ಅದನ್ನು ಸಿಲಿಕೋಸಿಸ್ ಎನ್ನುತ್ತೇವೆ.

ಈ ರೋಗದ ಕ್ರಮ ಹೀಗಿದೆ. ಕಲ್ಲನ್ನು ಕೊರೆದಾಗ ಏಳುವ ದೂಳಿನಲ್ಲಿ ದೊಡ್ಡ ಕಣಗಳು ಮೂಗಿನಲ್ಲಿಯೇ ತಡೆಯಲ್ಪಡುತ್ತವೆ. ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿಗಿಂತ ಚಿಕ್ಕದಾದ, ಕಣ್ಣಿಗೆ ಕಾಣದ ಸಿಲಿಕಾ ಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿ ಕಾವಲಿರುವ ಭಕ್ಷಕ ಜೀವಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ. ಕಣವು ಮತ್ತೆ ಹೊರಬಿದ್ದು ಮತ್ತೊಂದು ಕೋಶವನ್ನು ಬಲಿ ತೆಗೆದುಕೊಳ್ಳುತ್ತದೆ. ಸುತ್ತ ನಾರಿನ ಗಂಟುಗಳು ಬೆಳೆದು, ಸ್ಪಂಜಿನಂತಿದ್ದ ಶ್ವಾಸಕೋಶ ಗಡುಸಾಗುತ್ತದೆ. ಇದಕ್ಕೆಲ್ಲ ಹತ್ತಿಪ್ಪತ್ತು ವರ್ಷ ಹಿಡಿಯಬಹುದು. ಗಣಿಯ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಕ್ಷಯಕ್ಕೂ ಅದು ಬಾಗಿಲು ತೆರೆಯುತ್ತದೆ. ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ನೀರು ಹಾಯಿಸಿ ಕೊರೆಯುವುದು, ಗಾಳಿಯಾಡಿಸುವುದು, ಮುಖಕ್ಕೆ ತಕ್ಕ ಮುಸುಕು ಧರಿಸುವುದು, ಈ ಮುಂಜಾಗ್ರತೆಗಳೇ ಮದ್ದು.

ಇಲ್ಲಿಗೆ ಬಂದಾಗ ಕನ್ನಡಿಗರಾದ ನಮ್ಮ ನೆನಪು ಕೋಲಾರದ ಚಿನ್ನದ ಗಣಿಯತ್ತ ಹರಿಯಲೇಬೇಕು. ಜಾನ್ ಟೇಲರ್ ಕಂಪನಿಯು 1880ರಲ್ಲಿ ಆರಂಭಿಸಿದ ಗಣಿಗಾರಿಕೆಯು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗೆ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. 1940ರ ದಶಕದಲ್ಲಿ ಇಲ್ಲಿಯ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ತಮಿಳು, ತೆಲುಗು, ಕನ್ನಡವಾಡುವ ಆ ಸಾವಿರಾರು ಜನರ ಎದೆಯ ಚಿತ್ರಗಳು ವೈದ್ಯಕೀಯ ಗ್ರಂಥಗಳ ಅಂಕಿಯಾಗಿ ಮಾತ್ರ ಉಳಿದವು.

ಎರಡು ಊರುಗಳ ಹಣೆಬರಹವನ್ನು ಹೋಲಿಸಿ ನೋಡಿ. ಫಾಲುನ್ ಗಣಿ 1992ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. 2001ರ ಡಿಸೆಂಬರಿನಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಅದೇ 2001ರ ಫೆಬ್ರವರಿ 28ರಂದು ಕೋಲಾರದ ಗಣಿ ಮುಚ್ಚಿತು. ಅಲ್ಲಿ ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ಸಯನೈಡ್ ದಿಬ್ಬಗಳು, ಪಾಳುಬಿದ್ದ ಯಂತ್ರಗೋಪುರಗಳು. ಫಾಲುನ್ನಿಗೆ ನಾವು ಬೆಳಗಿನ ರೈಲಿನಲ್ಲಿ ವಿಹಾರಕ್ಕೆ ಹೋಗುತ್ತೇವೆ; ಕೋಲಾರದ ಗಣಿ ಕಾರ್ಮಿಕರ ಮಕ್ಕಳು ನಸುಕಿನ ರೈಲಿನಲ್ಲಿ ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅದೂ ಒಂದು ದಿನದ ಪ್ರಯಾಣವೇ. ಕುದುರೆಮುಖದಲ್ಲಿ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಯಲ್ಲಿ ಅದಿರು ತೆಗೆಯುವುದು ನಿಂತಿತು. ಭದ್ರೆಯೂ ಕಾಡೂ ಉಸಿರಾಡಿದವು, ಸರಿಯೇ. ಗಣಿಗಾಗಿಯೇ ಕಟ್ಟಿದ್ದ ಪಟ್ಟಣ ಮಾತ್ರ ಬರಿದಾಯಿತು.

ಬೆಟ್ಟ ಇನ್ನೂ ಬರಿದಾಗದ ಊರಿನ ಪಾಡು ಬೇರೆ. ಸ್ವೀಡನ್ನಿನ ಉತ್ತರ ತುದಿಯ ಕಿರುನಾದಲ್ಲಿ ಕಬ್ಬಿಣದ ಅದಿರನ್ನು ಹಿಂಬಾಲಿಸಿದ ಸುರಂಗಗಳು ಊರಿನ ಬುಡಕ್ಕೇ ಬಂದವು. ಊರನ್ನೇ ಸ್ಥಳಾಂತರಿಸುವುದೆಂದಾಯಿತು. 1912ರ ಮರದ ಚರ್ಚನ್ನು, 600 ಟನ್ನಿಗೂ ಮೀರಿದ ತೂಕದ ಇಡೀ ಕಟ್ಟಡವನ್ನು, 2025ರ ಆಗಸ್ಟಿನಲ್ಲಿ ಎರಡು ದಿನಗಳಲ್ಲಿ ಸುಮಾರು 5 ಕಿಲೋಮೀಟರು ದೂರಕ್ಕೆ ಗಾಲಿಗಳ ಮೇಲೆ ಸಾಗಿಸಿದರು. ತೇರೆಳೆದಂತೆ ಜನ ನೆರೆದು ನೋಡಿದರು.

ಫಾಲುನ್ ನೋಡಿದವರು ಮುಂದಿನ ವಾರಗಳಿಗೆ ಇನ್ನೂ ಮೂರು ಊರುಗಳನ್ನು ಗುರುತು ಹಾಕಿಕೊಳ್ಳಬಹುದು. ಸುಮಾರು 120 ಕಿಲೋಮೀಟರು ದೂರದ ಸಾಲಾದಲ್ಲಿ ಬೆಳ್ಳಿಯ ಗಣಿಯಿದೆ. ಅದರ ಶತಮಾನಗಳ ಗಣಿಗಾರಿಕೆ 1908ರಲ್ಲಿ ನಿಂತಿತು. ಫಾಗರ್‌ಸ್ಟಾ ಸಮೀಪದ ಎಂಗೆಲ್ಸ್‌ಬೆರ್ಯ್‌ನಲ್ಲಿ ಹಳೆಯ ಕಬ್ಬಿಣದ ಕಾರ್ಖಾನೆ ಕುಲುಮೆ ಸಮೇತ ಉಳಿದಿದೆ. 1993ರಿಂದ ವಿಶ್ವ ಪರಂಪರೆಯ ತಾಣ. ಎರೆಬ್ರೂ ನಗರದ ಉತ್ತರಕ್ಕಿರುವ ನೂರಾ 1643ರಲ್ಲಿ ಪಟ್ಟಣದ ಹಕ್ಕು ಪಡೆದ ಊರು. ಕೆರೆಯ ದಂಡೆ, ಕಲ್ಲುಹಾಸಿನ ಬೀದಿ, ಮರದ ಮನೆಗಳು, ಹೆಸರಾಂತ ಐಸ್‌ಕ್ರೀಮು, ಎಲ್ಲವೂ ಉಂಟು. ಪಕ್ಕದ ಪೆರ್ಷ್‌ಹ್ಯುಟ್ಟನ್ ಹಳ್ಳಿಯಲ್ಲಿ ನೀರಿನ ಚಕ್ರದ ಬಲವನ್ನು ಉದ್ದನೆಯ ಮರದ ತೊಲೆಗಳ ಮೂಲಕ ಗಣಿಗೆ ಸಾಗಿಸುತ್ತಿದ್ದ ಏರ್ಪಾಡನ್ನು ಮಕ್ಕಳಿಗೆ ತೋರಿಸಬಹುದು.

ಎಲ್ಲಿಗೇ ಹೋದರೂ ಮಕ್ಕಳೊಡನೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಬೆಟ್ಟ ಏನು ಕೊಟ್ಟಿತು? ಅದನ್ನು ತೆಗೆದವರು ಎಲ್ಲಿ ವಾಸಿಸಿದರು, ಯಾವುದರಿಂದ ಸತ್ತರು? ಬೆಟ್ಟ ಬರಿದಾದ ಮೇಲೆ ಊರನ್ನು ಯಾರು ನೋಡಿಕೊಂಡರು? ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಫಾಲುನ್ನಿನ ಕಥೆಯನ್ನು ಓದುತ್ತಾರೆ; ಕೋಲಾರದ ಕಥೆಯನ್ನು ಅವರಿಗೆ ಹೇಳಬೇಕಾದವರು ನಾವೇ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಬೆಂಗಳೂರಿನಿಂದ ನೂರು ಕಿಲೋಮೀಟರಿನಷ್ಟೇ ದೂರವಿರುವ ಆ ಊರಿಗೂ ಒಂದು ದಿನವನ್ನು ಮೀಸಲಿಡೋಣ. ಬೆಳಗಿನ ಹೊತ್ತು ಅಲ್ಲಿಯ ನಿಲ್ದಾಣದಿಂದ ಹೊರಡುವ ರೈಲನ್ನು ಮಕ್ಕಳಿಗೆ ತೋರಿಸೋಣ.